ಟ್ರಂಕಿನಲ್ಲಿಟ್ಟ ಗೊಂಬೆ ಬೆವರುತ್ತದೆ

ಮಳೆಗಾಲ ಮುಗಿದು ದಸರಾ ಹತ್ತಿರ ಬಂತೆಂದರೆ ನನ್ನ ಅಂಗಡಿಗೆ ಟ್ರಂಕುಗಳು ಬರಲು ಶುರು. ಗಡಿಯಾರ ರಿಪೇರಿ ನನ್ನ ಕಸುಬು. ಕೀಲಿ ಕೊಟ್ಟರೆ ಓಡುವ ತಗಡಿನ ಆಟಿಗೆಗಳ ಹೊಟ್ಟೆಯಲ್ಲೂ ಅದೇ ಸ್ಪ್ರಿಂಗು, ಅದೇ ಹಲ್ಲಿನ ಚಕ್ರ. ಹಾಗಾಗಿ ಬೆಳಗಾವಿಯ ಹಳೇ ಆಟಿಗೆಗಳು ನನ್ನ ಮೇಜಿಗೆ ಬಂದು ಬೀಳುತ್ತವೆ. ಹಬ್ಬಕ್ಕೆ ಅಟ್ಟ ಸ್ವಚ್ಛ ಮಾಡುವಾಗ ಟ್ರಂಕ್ ಇಳಿಸುತ್ತಾರೆ, ತೆಗೆದು ನೋಡುತ್ತಾರೆ, ಗಾಬರಿಯಾಗಿ ಓಡಿ ಬರುತ್ತಾರೆ. ಎಲ್ಲರದ್ದೂ ಒಂದೇ ಮಾತು: "ಯಾರೂ ಮುಟ್ಟಿಲ್ರೀ ಸರ. ಪ್ಲಾಸ್ಟಿಕ್ ಚೀಲದಾಗ ಹಾಕಿ, ಗಂಟ್ ಕಟ್ಟಿ ಇಟ್ಟಿದ್ವಿ. ಹೆಂಗ ಹಾಳಾತು?"

ಗಂಟು ಕಟ್ಟಿದ್ದಕ್ಕೇ ಹಾಳಾಯಿತು.

ಶೋಕೇಸಿನಲ್ಲಿಟ್ಟರೆ ಬಣ್ಣ ಹೋಗುತ್ತದೆ ಅನ್ನುವ ಭಯ ಎಲ್ಲರಿಗೂ ಇದೆ. ಸರಿಯಾದ ಭಯವೇ. ಬಿಸಿಲು ಬಿದ್ದರೆ ಎಷ್ಟೋ ಸಲ ಕೆಂಪು ಮೊದಲು ಸಪ್ಪಗಾಗುತ್ತದೆ, ಹೋದ ಬಣ್ಣ ವಾಪಸ್ ಬರುವುದಿಲ್ಲ. ಆದರೆ ಟ್ರಂಕಿನ ಭಯ ಮಾತ್ರ ಯಾರಿಗೂ ಇಲ್ಲ ನೋಡಿ.

ಬಿಸಿ ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಏನಾಗುತ್ತದೆ? ಮುಚ್ಚಳದ ತುಂಬ ನೀರು. ರೊಟ್ಟಿ ಮೆತ್ತಗೆ. ಅದಕ್ಕೇ ಅಲ್ವಾ ಕಡಕ್ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿಡುವುದು? ಗೊಂಬೆಗೂ ಅದೇ ಲೆಕ್ಕ. ಜುಲೈನಲ್ಲಿ ನಮ್ಮೂರ ಗಾಳಿಯ ತೇವ ಶೇಕಡಾ 85 ದಾಟುವುದು ಸಾಮಾನ್ಯ. ಚೀಲದ ಬಾಯಿ ಕಟ್ಟಿದಾಗ ಆ ಹಸಿ ಗಾಳಿಯನ್ನೂ ಒಳಗೆ ಕಟ್ಟಿದ ಹಾಗೆ. ರಾತ್ರಿ ಚಳಿ ಬಿದ್ದಾಗ ಗಾಳಿಯಲ್ಲಿದ್ದ ನೀರು ತಣ್ಣಗಿನ ತಗಡಿನ ಮೇಲೆ ಕೂರುತ್ತದೆ. ಹಗಲು ಆರುತ್ತದೆ, ಆದರೆ ಹೊರಗೆ ಹೋಗಲು ದಾರಿ ಇಲ್ಲ. ಮರುದಿನ ಮತ್ತೆ ಕೂರುತ್ತದೆ. ಇದು ನಾಲ್ಕು ತಿಂಗಳು ನಡೆದರೆ ತಗಡಿಗೆ ತುಕ್ಕು, ಬಟ್ಟೆ ಗೊಂಬೆಗೆ ಬೂಷ್ಟು. ಚೀಲ ಹೊರಗಿನ ನೀರು ತಡೆಯುತ್ತದೆ, ಒಪ್ಪಿದೆ. ಒಳಗಿನದನ್ನು ಏನು ಮಾಡುತ್ತೀರಿ? ಈ ಒಂದು ಮಾತನ್ನು ವರ್ಷಕ್ಕೆ ಹತ್ತಾರು ಜನಕ್ಕೆ ಹೇಳುತ್ತೇನೆ. ತಲೆಯಾಡಿಸುತ್ತಾರೆ. ಮನೆಗೆ ಹೋಗಿ ಹೊಸ ಚೀಲ ಹುಡುಕುತ್ತಾರೆ.

ಉದ್ಯಮಬಾಗಿನ ಫೌಂಡ್ರಿ ಮಾಲೀಕರೊಬ್ಬರು ಅವರ ಅಜ್ಜನ ಡಿಂಕಿ ಆಟದ ಕಾರು ತಂದಿದ್ದರು. ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಮೆಕ್ಯಾನೋ ಕಂಪನಿ 1930ರ ದಶಕದಲ್ಲಿ ಮಾಡಿದ ಮಾಲು. ಹೊರಗೆ ಬಣ್ಣ ಚೆನ್ನಾಗಿಯೇ ಇತ್ತು. ಕೈಗೆ ತೆಗೆದುಕೊಂಡರೆ ಚಕ್ರದ ಪಕ್ಕ ಬಿಸ್ಕತ್ತಿನ ಹಾಗೆ ಮುರಿಯಿತು. ಆ ಕಾಲದ ಎಷ್ಟೋ ಕಾರುಗಳ ಸತುವಿನಲ್ಲಿ ಚೂರು ಸೀಸ ಬೆರೆತಿರುತ್ತಿತ್ತು. ಅಂಥ ಲೋಹ ಒಳಗಿಂದಲೇ ಬಿರಿಯುತ್ತದೆ, ಉಬ್ಬುತ್ತದೆ. ತೇವ ಸಿಕ್ಕರೆ ಇನ್ನೂ ಜೋರು. ಸೀಸ ಅಂದ ತಕ್ಷಣ ಅವರು ಹಣೆ ಮುಟ್ಟಿಕೊಂಡರು. "ನಮ್ಮ ಭಟ್ಟಿಯೊಳಗ ಮಾಲು ಕೆಟ್ರ ಬೈತೀನ್ರಿ. ಇದನ್ನ ಯಾರಿಗಿ ಬೈಲಿ?" ಇದಕ್ಕೆ ಔಷಧಿ ಇಲ್ಲ. ಒಣಗಿದ ಜಾಗದಲ್ಲಿಟ್ಟರೆ ನಿಧಾನವಾಗಬಹುದು, ಅಷ್ಟೇ.

ಇನ್ನು ಟಿಳಕವಾಡಿಯ ಅಜ್ಜಿ. ರಿಟೈರ್ಡ್ ಟೀಚರು. ಅವರ ಟ್ರಂಕಿನಲ್ಲಿ ಸೆಲ್ಯುಲಾಯ್ಡ್ ಅನ್ನುವ ಹಳೇ ಕಾಲದ ಪ್ಲಾಸ್ಟಿಕ್ಕಿನ ಒಂದು ಗೊಂಬೆ, ಒಂದು ತಗಡಿನ ಮೋಟಾರು ಕಾರು. ಮುಚ್ಚಳ ತೆಗೆದರೆ ಘಮ್ಮನೆ ಕರ್ಪೂರ. "ಕರ್ಪೂರದ ವಾಸನಿ ಇನ್ನೂ ಐತ್ರಿ, ಅಂದ್ರ ಗೊಂಬಿ ಚಲೋ ಐತಿ, ಹೌದಲ್ರಿ?" ಅಂದರು. ನಾನು ಕರ್ಪೂರ ಇಟ್ಟಿದ್ದೀರಾ ಎಂದು ಕೇಳಿದೆ. ಇಲ್ಲವಂತೆ. ಸೆಲ್ಯುಲಾಯ್ಡ್ ಮಾಡುವುದೇ ಕರ್ಪೂರ ಬೆರೆಸಿ. ವಾಸನೆ ಬರುತ್ತಿದೆ ಎಂದರೆ ಗೊಂಬೆ ತನ್ನ ಮೈಯಿಂದಲೇ ಅದನ್ನು ಕಳೆದುಕೊಳ್ಳುತ್ತಿದೆ. ಕಳೆದಷ್ಟೂ ಮೈ ಕುಗ್ಗಿ ಬಿರುಕು. ಅದರ ಗಲ್ಲದಲ್ಲಿ ಆಗಲೇ ಜೇಡರ ಬಲೆಯಂಥ ಗೆರೆಗಳಿದ್ದವು. ಸಾಲದ್ದಕ್ಕೆ ಹಳೇ ಸೆಲ್ಯುಲಾಯ್ಡ್ ಆಮ್ಲದ ಗ್ಯಾಸನ್ನೂ ಬಿಡುತ್ತದೆ. ಮುಚ್ಚಿದ ಟ್ರಂಕಿನಲ್ಲಿ ಆ ಗ್ಯಾಸ್ ಗೊಂಬೆಯನ್ನೂ ತಿನ್ನುತ್ತದೆ, ಪಕ್ಕದಲ್ಲಿಟ್ಟ ಸಾಮಾನನ್ನೂ ಬಿಡುವುದಿಲ್ಲ. ಮೋಟಾರು ಕಾರಿನಲ್ಲಿ ಗೊಂಬೆಯ ಕಡೆಗಿದ್ದ ಬಾಗಿಲು ಪೂರ್ತಿ ತುಕ್ಕು, ಆಚೆ ಬಾಗಿಲು ಹೊಳೆಯುತ್ತಿತ್ತು.

ಹಾಗಾದರೆ ಹೊರಗೇ ಇಡಬೇಕಾ? ನನ್ನನ್ನು ಕೇಳಿದರೆ ಹೌದು. ಬಿಸಿಲು ಬೀಳದ ಒಳಗೋಡೆಯ ಶೋಕೇಸು, ಒಳಗೆ ಬಿಸಿ ಕಾರುವ ಬಲ್ಬು ಬೇಡ, ಗಾಳಿಯಾಡಲು ಸಂದು ಇರಲಿ. ಕಣ್ಣೆದುರು ಇದ್ದರೆ ತುಕ್ಕಿನ ಮೊದಲ ಚುಕ್ಕೆ ಕಾಣುತ್ತದೆ, ಟ್ರಂಕಿನಲ್ಲಿ ಕೊನೆಯದೇ ಕಾಣುವುದು. ಒಳಗಿಡಲೇಬೇಕಾದರೆ ತೊಳೆದು ಒಣಗಿಸಿದ ಹಳೇ ಹತ್ತಿ ಬಟ್ಟೆ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಅದನ್ನು ಬದಲಿಸುತ್ತಿರಿ. ನ್ಯೂಸ್‌ಪೇಪರ್ ಬೇಡ, ಡಾಂಬರು ಗುಳಿಗೆಯಂತೂ ಬೇಡವೇ ಬೇಡ, ಕೆಲವು ಪ್ಲಾಸ್ಟಿಕ್ ಅದರಿಂದ ಮೆತ್ತಗಾಗುತ್ತದೆ. ಬ್ಯಾಟರಿ ತೆಗೆದಿಡಿ. ಸ್ಪ್ರಿಂಗಿಗೆ ಕೀಲಿ ಕೊಟ್ಟು ಇಡಬೇಡಿ. ಸಾಮಾನು ಸಾಮಾನಿಗೂ ಫರಕ್ ಇರುತ್ತದೆ, ಹಾಗಾಗಿ ಅಪರೂಪದ್ದಾದರೆ ಉಜ್ಜುವ ಮೊದಲು ಬಲ್ಲವರಿಗೆ ತೋರಿಸಿ.

ಅಜ್ಜಿಯ ಗೊಂಬೆಯನ್ನು ತೂತಿರುವ ರಟ್ಟಿನ ಪೆಟ್ಟಿಗೆಯಲ್ಲಿ ಒಂಟಿಯಾಗಿ, ತಂಪು ಕಡೆ ಇಡಲು ಹೇಳಿದೆ. ಮರುದಿನ ಫೋನು. "ದೇವರ ಜಗಲಿ ಮ್ಯಾಲ ಇಟ್ಟೀನ್ರಿ. ಅಲ್ಲಿ ತಂಪ ಇರ್ತದ."

"ದೀಪ ಹಚ್ಚುತ್ತೀರಾ ಅಲ್ಲಿ?"

"ಹಚ್ಚಲಾರದ ಇರ್ತೀನೇನ್ರಿ?"

ಸೆಲ್ಯುಲಾಯ್ಡಿಗೆ ಬೆಂಕಿ ತಾಗಿದರೆ ಭಗ್ಗನೆ ಹತ್ತುತ್ತದೆ. ಫೋನ್ ಇಡಬೇಡಿ, ಮೊದಲು ಗೊಂಬೆ ಇಳಿಸಿ ಬನ್ನಿ ಎಂದು ಹೇಳಿ, ಅವರು ಬರುವವರೆಗೂ ಹಾಗೇ ಕಿವಿಗೆ ಹಿಡಿದು ನಿಂತಿದ್ದೆ.