ಅಲಾಸ್ಕಾದ ಡಬ್ಬಿ, ಮಲೆನಾಡಿನ ಮಳೆ

ಆನ್‌ಲೈನ್ ಮಳಿಗೆಯಲ್ಲಿ ‘ಸರ್ವೈವಲ್ ಕಿಟ್’ ಎಂದು ಹುಡುಕಿ ನೋಡಿ. ಸಿಗುವ ಡಬ್ಬಿಗಳ ಒಳಗೆ ಇರುವುದೆಲ್ಲ ಹೆಚ್ಚುಕಡಿಮೆ ಒಂದೇ: ಬೆಂಕಿ ಹೊತ್ತಿಸುವ ಲೋಹದ ಕಡ್ಡಿ, ತಂತಿಯ ಗರಗಸ, ಮೀನಿನ ಗಾಳ, ಹಗ್ಗ ಹೆಣೆದು ಮಾಡಿದ ಕೈಕಡಗ, ಗುಂಡಿಯಷ್ಟು ದೊಡ್ಡ ದಿಕ್ಸೂಚಿ, ಹಾವಿನ ವಿಷ ಹೀರುವ ಪಂಪು. ಇದನ್ನು ಜೋಡಿಸಿದವರ ಮನಸ್ಸಿನಲ್ಲಿದ್ದದ್ದು ಅಲಾಸ್ಕಾದಂಥ ನಾಡು. ಅಲ್ಲಿ ದಾರಿ ತಪ್ಪಿದವನು ದಿನಗಟ್ಟಲೆ ತನ್ನ ಪಾಡು ತಾನೇ ನೋಡಿಕೊಳ್ಳಬೇಕಾಗಬಹುದು. ಕುದುರೆಮುಖದಲ್ಲೋ ಕುಮಾರಪರ್ವತದಲ್ಲೋ ದಾರಿ ತಪ್ಪಿದವರಿಗೆ ಗಾಳ ಹಾಕಿ ಕೂರುವ ಪ್ರಮೇಯ ಬರುವುದಿಲ್ಲ. ಜೊತೆಗಿದ್ದವರಿಂದ ಕತ್ತಲಾಗುವ ಹೊತ್ತಿಗೆ ಸುದ್ದಿ ಊರಿಗೆ ಮುಟ್ಟಿರುತ್ತದೆ. ಅರಣ್ಯ ಇಲಾಖೆಯವರೂ ಕಾಡು ಬಲ್ಲ ಹಳ್ಳಿಯವರೂ ಹುಡುಕಲು ಹೊರಟಿರುತ್ತಾರೆ. ಸಾಮಾನ್ಯವಾಗಿ ಒಂದು ರಾತ್ರಿಯನ್ನು ಹೇಗೋ ಕಳೆದರೆ ಆಯಿತು.

ಆ ಒಂದು ರಾತ್ರಿಗೆ ಬೇಕಾದದ್ದು ಮೂರೇ: ಮೈ ಬೆಚ್ಚಗಿರಬೇಕು, ರಕ್ತ ಒಳಗೇ ಉಳಿಯಬೇಕು, ಹುಡುಕುವವರ ಕಣ್ಣಿಗೋ ಕಿವಿಗೋ ಬೀಳಬೇಕು. ಮಲೆನಾಡಿನ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ಕೆಲಸ ಮಾಡುವ ನನಗೆ ಸಲಕರಣೆಗಳ ಪರಿಚಯವಾಗುವುದು ಅಂಗಡಿಯಲ್ಲಿ ಅಲ್ಲ, ಗಾಯಾಳುವಿನ ಜೊತೆ ಬಂದ ಚೀಲದಲ್ಲಿ. ಸ್ವತಃ ಚಿಕಿತ್ಸೆ ಮಾಡುತ್ತೇನೆಂದು ಹೇಳಿಕೊಳ್ಳುವ ಸಾಧನಗಳ ಬಗ್ಗೆ ನನಗೆ ಅನುಮಾನ ಜಾಸ್ತಿ. ಆಸ್ಪತ್ರೆ ಮುಟ್ಟುವವರೆಗೆ ಹೊತ್ತು ಗಳಿಸಿಕೊಡುವ ಸಾಧನಗಳ ಬಗ್ಗೆ ಗೌರವ ಜಾಸ್ತಿ. ಎರಡನೆಯ ಜಾತಿಯವು ಸಾಮಾನ್ಯವಾಗಿ ಅಗ್ಗವೂ ಹೌದು.

ಬೆಂಕಿಯ ಕಡ್ಡಿಯ ಮಾತನ್ನು ಮೊದಲೇ ಮುಗಿಸಿಬಿಡೋಣ. ಮೀಸಲು ಅರಣ್ಯದಲ್ಲಿ ಬೆಂಕಿ ಹಚ್ಚುವುದು ಅಪರಾಧ. ಬೇಸಿಗೆಯಲ್ಲಿ ಹಚ್ಚಿದರೆ ಬೆಟ್ಟದ ಹುಲ್ಲುಗಾವಲೇ ಹೋಗುತ್ತದೆ, ಜುಲೈಯಲ್ಲಿ ಹಚ್ಚುತ್ತೇನೆಂದರೆ ಹತ್ತುವುದಿಲ್ಲ.

ಇನ್ನು ಸೀಟಿ. ಕೂಗಿ ಕೂಗಿ ಗಂಟಲು ಕಟ್ಟಿದವರು ಎಷ್ಟೋ ಮಂದಿ ಬರುತ್ತಾರೆ. ಮಂಜು ಮುಸುಕಿದಾಗ, ಹಳ್ಳದ ಸದ್ದಿನ ನಡುವೆ ಮನುಷ್ಯನ ದನಿ ದೂರ ಹೋಗುವುದಿಲ್ಲ. ಸೀಟಿಯ ಕೀರಲು ಸದ್ದು ನಮ್ಮ ಕಿವಿ ಚುರುಕಾಗಿ ಹಿಡಿಯುವ ಕಂಪನಾಂಕದಲ್ಲಿರುತ್ತದೆ, ಊದಲು ಶಕ್ತಿಯೂ ಹೆಚ್ಚು ಬೇಡ. ಒಳಗೆ ಗೋಲಿ ಇರುವ ಹಳೆಯ ಬಗೆಯದು ನೀರು ಹೊಕ್ಕರೆ ಸಿಕ್ಕಿಕೊಳ್ಳುತ್ತದೆ. ಗೋಲಿ ಇಲ್ಲದ ಪ್ಲಾಸ್ಟಿಕ್ ಸೀಟಿ ತೆಗೆದುಕೊಳ್ಳಿ. ಮೂರು ಸಲ ಊದಿ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ: ಇದು ಅನೇಕ ಕಡೆ ಅಪಾಯದ ಕರೆ ಎಂದೇ ಅರ್ಥ. ಇಷ್ಟಕ್ಕೂ ಚಾರಣದ ಅನೇಕ ಬೆನ್ನುಚೀಲಗಳಲ್ಲಿ ಎದೆಗೆ ಅಡ್ಡಲಾಗಿ ಹಾಕುವ ಪಟ್ಟಿಯ ಕೊಂಡಿಯೇ ಸೀಟಿಯಾಗಿರುತ್ತದೆ. ಕಿತ್ತಳೆ ಅಥವಾ ಕಪ್ಪು ಬಣ್ಣದ ಆ ಕೊಂಡಿಯ ತುದಿಯಲ್ಲಿ ಸಣ್ಣ ಸೀಳು ಇದೆಯೇ ನೋಡಿ. ರಾತ್ರಿಯೆಲ್ಲ ಅದನ್ನು ಎದೆಯ ಮೇಲೆ ಇಟ್ಟುಕೊಂಡೇ ಗಂಟಲು ಹರಿದುಕೊಂಡವರಿದ್ದಾರೆ.

ಬೆಳಕಿಗೆ ಮೊಬೈಲನ್ನು ನೆಚ್ಚಿಕೊಳ್ಳಬಾರದು, ಅದರ ಬ್ಯಾಟರಿಗೆ ಬೇರೆ ಕೆಲಸವಿದೆ. ಹಣೆಗೆ ಕಟ್ಟುವ ದೀಪ ಕೈಯನ್ನು ಖಾಲಿ ಬಿಡುತ್ತದೆ, ಜಾರುವ ಕಲ್ಲಿನ ಮೇಲೆ ಇಳಿಯುವಾಗ ಇದರ ಬೆಲೆ ತಿಳಿಯುತ್ತದೆ. ಪೊಟ್ಟಣದ ಮೇಲೆ ಸಾವಿರ ಲ್ಯೂಮೆನ್ ಎಂದು ಬರೆದಿರುವುದಕ್ಕೆ ಮರುಳಾಗಬೇಡಿ. ನಡೆಯಲು ನೂರಿನ್ನೂರು ಧಾರಾಳ. ನೋಡಬೇಕಾದದ್ದು ನೀರು ತಡೆಯುವ ದರ್ಜೆ: ಐಪಿಎಕ್ಸ್ 4 ಎಂದರೆ ಸಿಡಿಯುವ ಹನಿಗಳನ್ನು ತಡೆಯುತ್ತದೆ, ಐಪಿಎಕ್ಸ್ 7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಉಳಿಯುತ್ತದೆ. ಆಗುಂಬೆಯ ಮಳೆಗೆ ಎರಡನೆಯದೇ ಸರಿ. ಚೀಲದೊಳಗೆ ಗುಂಡಿ ಒತ್ತಿಹೋಗಿ ದೀಪ ತಾನೇ ಉರಿದು ಖಾಲಿಯಾಗುವುದು ಸಾಮಾನ್ಯ. ಸೆಲ್‌ನ ತುದಿಗೆ ಕಾಗದದ ಚೂರು ಅಡ್ಡ ಇಟ್ಟರೆ ಆ ತಾಪತ್ರಯವಿಲ್ಲ.

ಮೊಬೈಲು ನಿಜಕ್ಕೂ ಜೀವ ಉಳಿಸುವ ಯಂತ್ರ, ಬಳಸಲು ಗೊತ್ತಿದ್ದರೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದಿದ್ದರೂ ಬೇರೆ ಯಾವ ಕಂಪನಿಯ ಗೋಪುರ ಹತ್ತಿರವಿದ್ದರೂ ಅದರ ಮೂಲಕ ತುರ್ತು ಸಂಖ್ಯೆ 112ಕ್ಕೆ ಕರೆ ಹೋಗಬಲ್ಲದು. ಜಿಪಿಎಸ್‌ಗಂತೂ ಗೋಪುರವೇ ಬೇಡ, ಅದು ಉಪಗ್ರಹವನ್ನು ಕೇಳಿಸಿಕೊಳ್ಳುತ್ತದೆ. ನಕ್ಷೆಯ ಆ್ಯಪ್‌ನಲ್ಲಿ ನೀವಿರುವ ಚುಕ್ಕೆಯನ್ನು ಒತ್ತಿ ಹಿಡಿದರೆ ಅಕ್ಷಾಂಶ ರೇಖಾಂಶದ ಅಂಕಿಗಳು ಬರುತ್ತವೆ. ಅವನ್ನು ಎಸ್‌ಎಂಎಸ್ ಮಾಡಿ. ಕರೆ ನಿಲ್ಲದಷ್ಟು ದುರ್ಬಲ ಸಿಗ್ನಲ್‌ನಲ್ಲೂ ಒಂದು ಸಾಲಿನ ಎಸ್‌ಎಂಎಸ್ ನುಸುಳಿ ಹೋಗುವ ಸಾಧ್ಯತೆಯಿದೆ. ‘ದೊಡ್ಡ ಬಂಡೆಯ ಹತ್ತಿರ ಇದ್ದೇವೆ’ ಎಂದು ಪಶ್ಚಿಮ ಘಟ್ಟದಿಂದ ಸಂದೇಶ ಕಳಿಸಿದರೆ ಯಾರು ಏನು ಮಾಡಿಯಾರು? ಸಿಗ್ನಲ್ ಸಿಗದ ಜಾಗದಲ್ಲಿ ಫೋನು ಗೋಪುರ ಹುಡುಕುತ್ತಲೇ ಬ್ಯಾಟರಿ ತಿನ್ನುವುದರಿಂದ ಏರೋಪ್ಲೇನ್ ಮೋಡ್‌ನಲ್ಲಿಡಿ, ಎತ್ತರದ ಜಾಗ ಸಿಕ್ಕಾಗ ತೆರೆಯಿರಿ.

ಪವರ್ ಬ್ಯಾಂಕಿನ ಮೇಲೆ 10,000 ಎಂಎಎಚ್ ಎಂದಿದ್ದರೆ ಅದು ಒಳಗಿನ ಕೋಶದ 3.7 ವೋಲ್ಟ್ ಲೆಕ್ಕ. ಅದನ್ನು 5 ವೋಲ್ಟ್‌ಗೆ ಏರಿಸಿ ಕೊಡುವಾಗ ಆಗುವ ನಷ್ಟವೂ ಸೇರಿ ಕೈಗೆ ಸಿಗುವುದು ಸುಮಾರು 6,000. ಮಾಮೂಲಿ ಫೋನನ್ನು ಒಂದೂಕಾಲು ಸಲ ತುಂಬಿಸಬಹುದು. ಸಾಕು. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಗುರುತಿಲ್ಲದ್ದನ್ನು ಕೊಳ್ಳಬೇಡಿ. ಚಾರ್ಜಿಂಗ್ ರಂಧ್ರ ಒದ್ದೆಯಾದರೆ ಇವತ್ತಿನ ಅನೇಕ ಫೋನುಗಳು ಚಾರ್ಜ್ ತೆಗೆದುಕೊಳ್ಳಲು ಒಪ್ಪುವುದೇ ಇಲ್ಲ. ಹಾಗಾಗಿ ಫೋನನ್ನೂ ಪವರ್ ಬ್ಯಾಂಕನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಇಡಬೇಕು. ಮಡಚುವ ಸೌರ ಫಲಕ ಬೆಟ್ಟದ ಕಣಿವೆಗಳ ದಟ್ಟ ಶೋಲಾ ಕಾಡಿನ ನೆರಳಿನಲ್ಲಿ ಬರೀ ಹೊರೆ.

ಅಮೆರಿಕದಲ್ಲಿರುವ ನೆಂಟರು ಊರಿಗೆ ಬರುವಾಗ ಉಪಗ್ರಹದ ಮೂಲಕ ಸಂದೇಶ ಕಳಿಸುವ ಪುಟ್ಟ ಯಂತ್ರವನ್ನು ತರುತ್ತೇವೆಂದರೆ ಬೇಡವೆನ್ನಿ. ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಉಪಗ್ರಹ ಫೋನನ್ನಾಗಲೀ ಇಂಥ ಸಂವಹನ ಸಾಧನವನ್ನಾಗಲೀ ಇಟ್ಟುಕೊಳ್ಳುವುದು ಭಾರತದಲ್ಲಿ ಅಪರಾಧ. ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗಳು ಬಂಧನಕ್ಕೊಳಗಾಗಿದ್ದಾರೆ. ಅಲ್ಲಿನ ಬೆಟ್ಟಗಳಲ್ಲಿ ಬುದ್ಧಿವಂತಿಕೆ ಎನಿಸುವ ಸಾಧನ ಇಲ್ಲಿ ಪೊಲೀಸ್ ಠಾಣೆಗೆ ದಾರಿ.

ಚಳಿಯ ವಿಷಯಕ್ಕೆ ಬಂದರೆ, ‘ನಮ್ಮಲ್ಲೇನು ಹಿಮ ಬೀಳುತ್ತದೆಯೇ’ ಎಂಬ ಉಡಾಫೆಯೇ ದೊಡ್ಡ ಶತ್ರು. ಕುದುರೆಮುಖದ ತುದಿ 1,894 ಮೀಟರ್, ಮುಳ್ಳಯ್ಯನಗಿರಿ 1,930. ಮಳೆಗಾಲದಲ್ಲಿ ಅಲ್ಲಿ ಉಷ್ಣಾಂಶ 15 ಡಿಗ್ರಿಯೇ ಇದ್ದರೂ ಬಟ್ಟೆ ತೊಯ್ದು ಗಾಳಿ ಬೀಸುತ್ತಿದ್ದರೆ ದೇಹದ ಶಾಖ ಇಳಿಯುತ್ತ ಹೋಗುತ್ತದೆ. ಮೊದಲು ನಡುಕ. ಆಮೇಲೆ ಮಾತು ತೊದಲುತ್ತದೆ, ಶೂ ದಾರ ಕಟ್ಟಲು ಬೆರಳು ಕೇಳುವುದಿಲ್ಲ, ಸುಮ್ಮನೆ ಕೂರೋಣ ಅನ್ನಿಸುತ್ತದೆ. ಚಳಿಯಲ್ಲೇ ಇದ್ದವನ ನಡುಕ ತಾನಾಗಿ ನಿಂತರೆ ಚೇತರಿಸಿಕೊಂಡ ಎಂದು ಜೊತೆಗಾರರು ಸಮಾಧಾನಪಡುತ್ತಾರೆ. ವಾಸ್ತವದಲ್ಲಿ ಅದು ಕೈಮೀರುತ್ತಿರುವ ಲಕ್ಷಣ.

ಜೀನ್ಸ್ ತೊಟ್ಟು ಮಳೆಗಾಲದಲ್ಲಿ ಬೆಟ್ಟ ಹತ್ತುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಒದ್ದೆಯಾದ ಹತ್ತಿಬಟ್ಟೆಯಷ್ಟು ಬೇಗ ಮೈಯ ಶಾಖ ಕದಿಯುವ ವಸ್ತು ಇನ್ನೊಂದಿಲ್ಲ. ನಮ್ಮ ಹಿರಿಯರು ಕಂಬಳಿಕೊಪ್ಪೆ ಹೊದ್ದು, ಹೆಂಗಸರು ಎಲೆಯಿಂದ ಹೆಣೆದ ಗೊರಬು ಸೂಡಿಕೊಂಡು ಸುರಿಮಳೆಯಲ್ಲೇ ಗದ್ದೆ ನಾಟಿ ಮುಗಿಸುತ್ತಿದ್ದದ್ದು ಬಡತನಕ್ಕಷ್ಟೇ ಅಲ್ಲ. ಉಣ್ಣೆ ತೊಯ್ದರೂ ಎಳೆಗಳ ನಡುವೆ ಗಾಳಿಯನ್ನು ಹಿಡಿದಿಟ್ಟುಕೊಂಡು ಬೆಚ್ಚಗಿಡುತ್ತದೆ. ಗೊರಬು ಬೆನ್ನಿನ ಮೇಲೆ ನೀರೂ ಗಾಳಿಯೂ ತಾಗದಂತೆ ನೋಡಿಕೊಳ್ಳುತ್ತದೆ.

ಈಗ ಅದರ ಜಾಗಕ್ಕೆ ಬಂದಿರುವುದು ಬೆಳ್ಳಿಬಣ್ಣದ ತೆಳುಹಾಳೆ. 1964ರಲ್ಲಿ ನಾಸಾ ಬಾಹ್ಯಾಕಾಶದ ಕೆಲಸಕ್ಕೆಂದು ರೂಪಿಸಿದ ವಸ್ತುವಿದು. ಮುಷ್ಟಿಯೊಳಗೆ ಹಿಡಿಯುವಷ್ಟು ಚಿಕ್ಕದು, ನೂರು ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ಮೈಯಿಂದ ಹೊರಸೂಸುವ ಶಾಖದ ಬಹುಪಾಲನ್ನು ಮೈಗೇ ಮರಳಿಸುತ್ತದೆ, ಗಾಳಿ ತಡೆಯುತ್ತದೆ. ಆದರೆ ಅದು ಶಾಖ ಹುಟ್ಟಿಸುವುದಿಲ್ಲ, ನೆಲದ ಮೂಲಕ ಇಳಿದುಹೋಗುವ ಶಾಖವನ್ನು ತಡೆಯುವುದೂ ಇಲ್ಲ. ಒದ್ದೆ ಬಟ್ಟೆ ಬಿಚ್ಚಿ, ಒಣಗಿದ್ದು ಏನಿದ್ದರೂ ತೊಟ್ಟು, ಕೆಳಗೆ ಬೆನ್ನುಚೀಲ ಹಾಕಿ ಅದರ ಮೇಲೆ ಕೂತು, ತಲೆಯೂ ಸೇರುವಂತೆ ಸುತ್ತಿಕೊಳ್ಳಬೇಕು. ಬಿರುಗಾಳಿಗೆ ಹಾಳೆ ಹರಿಯುತ್ತದೆ. ಅದಕ್ಕೇ ಜೊತೆಗೆ ಆಳುದ್ದದ ಕಸದ ಚೀಲ ಒಂದನ್ನು ಇಟ್ಟುಕೊಳ್ಳಿ ಎನ್ನುತ್ತೇನೆ. ಮುಖದ ಜಾಗಕ್ಕೆ ರಂಧ್ರ ಮಾಡಿ ಒಳಗೆ ಇಳಿದು ಕೂತರೆ ಅದೇ ಗೊರಬು, ಅದೇ ಗುಡಾರ.

ಮೂರನೆಯದು ರಕ್ತ. ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು, ಅಡಿಕೆ ಕೊನೆ ಕೊಯ್ಯುವ ಕತ್ತಿ, ಬೈಕಿನ ಅಪಘಾತ. ಇವು ಮನೆ ಬಾಗಿಲಿನ ಅಪಾಯಗಳು. ಬಹುತೇಕ ರಕ್ತಸ್ರಾವ ಶುದ್ಧ ಬಟ್ಟೆಯನ್ನು ಗಾಯದ ಮೇಲಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿದರೆ ನಿಲ್ಲುತ್ತದೆ. ನಿಂತಿತೇ ಎಂದು ನಡುನಡುವೆ ತೆಗೆದು ನೋಡುವ ಕುತೂಹಲವನ್ನು ಬಿಡಬೇಕು, ಅಷ್ಟೆ. ಆಮೇಲೆ ಬಿಗಿಯಾಗಿ ಸುತ್ತಲು 10 ಸೆಂಟಿಮೀಟರ್ ಅಗಲದ ಕ್ರೇಪ್ ಬ್ಯಾಂಡೇಜ್ ಸಾಕು. ಕೈಕಾಲಿನ ಧಮನಿ ತುಂಡಾಗಿ ರಕ್ತ ಚಿಮ್ಮುತ್ತಿದ್ದು, ಒತ್ತಿದರೂ ನಿಲ್ಲದಾಗ ಮಾತ್ರ ರಕ್ತದ ಹರಿವನ್ನೇ ಬಿಗಿದು ತಡೆಯುವ ಟೂರ್ನಿಕೆಟ್ ಪಟ್ಟಿ: ಗಾಯಕ್ಕಿಂತ ಐದಾರು ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲ, ಚಿಮ್ಮುವುದು ನಿಲ್ಲುವವರೆಗೆ ತಿರುಪಿ, ಕಟ್ಟಿದ ಹೊತ್ತನ್ನು ಪಟ್ಟಿಯ ಮೇಲೆ ಬರೆದು. ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವ ನಕಲಿ ಪಟ್ಟಿಗಳ ತಿರುಪು ಕಡ್ಡಿ ಬಿಗಿಯುವಾಗಲೇ ಬಾಗುತ್ತದೆ ಅಥವಾ ಮುರಿಯುತ್ತದೆ. ನಂಬಿಕಸ್ಥ ಔಷಧ ಸಲಕರಣೆ ಅಂಗಡಿಯಲ್ಲಿ ಕೊಳ್ಳಿ, ಇಲ್ಲವೇ ಕೊಳ್ಳಬೇಡಿ.

ಇದೇ ಪಟ್ಟಿಯನ್ನು ಹಾವು ಕಚ್ಚಿದ ಕಾಲಿಗೆ ಕಟ್ಟಿದರೆ ಅದು ಕಾಲಿನ ವೈರಿ. ಕೊಳಕುಮಂಡಲದ ವಿಷ ಕಚ್ಚಿದ ಜಾಗದ ಅಂಗಾಂಶವನ್ನೇ ಕೊಳೆಸುತ್ತದೆ. ಮೇಲೆ ಬಿಗಿದು ಕಟ್ಟಿದರೆ ವಿಷವೂ ಅಲ್ಲೇ ನಿಂತು, ರಕ್ತವೂ ಬಾರದೆ, ಉಳಿಯಬಹುದಾಗಿದ್ದ ಕಾಲು ಹೋಗುತ್ತದೆ. ವಿಷ ಹೀರುವ ಪಂಪಿನ ಕತೆ ಇನ್ನೂ ಸರಳ. ಹಾವಿನ ಹಲ್ಲು ಚುಚ್ಚಿದ ರಂಧ್ರ ಹಲ್ಲು ಹೊರಬಂದೊಡನೆ ಮುಚ್ಚಿಕೊಳ್ಳುತ್ತದೆ, ಪಂಪು ಎಳೆಯುವುದು ಬಹುತೇಕ ಮೈಯ ದ್ರವವನ್ನೇ. ಜೊತೆಗೆ ಚರ್ಮಕ್ಕೆ ಗಾಯ, ಎಲ್ಲಕ್ಕಿಂತ ಮಿಗಿಲಾಗಿ ಕಳೆದುಹೋದ ಅರ್ಧ ಗಂಟೆ. ಬ್ಲೇಡಿನಿಂದ ಕೊಯ್ಯುವುದು, ಹಾವಿನ ಕಲ್ಲು ಅಂಟಿಸುವುದು ಇದೇ ಸಾಲಿಗೆ ಸೇರಿದವು.

ಹಾವು ಕಚ್ಚಿದಾಗ ಬೇಕಾದ ಸಲಕರಣೆ ಎಂದರೆ ಕೈಕಾಲು ಅಲುಗದಂತೆ ಕಟ್ಟಲು ಒಂದು ದಬ್ಬೆ, ಒಂದು ವಾಹನ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆ ಎಂಬ ಮಾಹಿತಿ. ಬಾವು ಏರುವ ಮೊದಲೇ ಉಂಗುರ, ಕಾಲುಂಗುರ, ಗಡಿಯಾರ ತೆಗೆಯಿರಿ. ನಮ್ಮಲ್ಲಿ ಮಾಡುವ ಒಂದು ಪರೀಕ್ಷೆಯ ಬಗ್ಗೆ ಹೇಳಿದರೆ ಹಲವರು ನಂಬುವುದಿಲ್ಲ. ಒಣಗಿದ, ಸ್ವಚ್ಛವಾದ ಗಾಜಿನ ನಳಿಕೆಗೆ 2 ಮಿಲಿಲೀಟರ್ ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು, ಒಮ್ಮೆ ವಾಲಿಸಿ ನೋಡುತ್ತೇವೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡುತ್ತಿದೆ ಎಂದರ್ಥ, ಪ್ರತಿವಿಷ ಶುರುವಾಗುತ್ತದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೆ ಒಂದೇ ಔಷಧವಿದೆ. ಅದು ಶಿರೆಯ ಮೂಲಕ ಕೊಡುವಂಥದ್ದು, ಯಾವ ಕಿಟ್‌ನಲ್ಲೂ ಇರುವುದಿಲ್ಲ. ಹಾವು ಕಡಿತದ ಪ್ರಕರಣಗಳನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಕರ್ನಾಟಕ 2024ರಲ್ಲಿ ಆದೇಶಿಸಿದ ಮೇಲೆ ಲೆಕ್ಕವಾದರೂ ಸಿಗತೊಡಗಿದೆ.

ಸಣ್ಣವು ಇನ್ನೂ ಕೆಲವಿವೆ. ಚೂಪು ತುದಿಯ ಚಿಮುಟ ತಪ್ಪದೆ ಇರಲಿ: ಮಂಗನ ಕಾಯಿಲೆ ಹರಡುವ ಉಣುಗನ್ನು ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕು, ಹಿಸುಕಬಾರದು, ಬೆಂಕಿ ತಾಗಿಸಬಾರದು. ಇಂಬಳಕ್ಕೆ ಉಪ್ಪಿನ ಪೊಟ್ಟಣ ಸಾಕು, ಅದರಿಂದ ಯಾರೂ ಸಾಯುವುದಿಲ್ಲ. ನೀರು ಸೋಸುವ ಕೊಳವೆ ಬ್ಯಾಕ್ಟೀರಿಯಾ ತಡೆದರೂ ವೈರಸ್‌ಗಳನ್ನು ಬಿಡುತ್ತದೆ. ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾದರೆ ಅವೂ ಹೋಗುತ್ತವೆ. ಹದಿನೆಂಟು ಅಲಗಿನ ಚಾಕುವಿನಲ್ಲಿ ಕತ್ತರಿಯೊಂದನ್ನು ಬಿಟ್ಟರೆ ಉಳಿದದ್ದನ್ನು ಬಳಸಿದವರನ್ನು ನಾನು ಕಂಡಿಲ್ಲ.

ಬೆಟ್ಟ ಹತ್ತದವರಿಗೂ ಬೇಕಾದ ಸಾಧನವೊಂದು ಕಾರಿನಲ್ಲಿದೆ, ಅಥವಾ ಇರಬೇಕು. 2018ರ ನವೆಂಬರಿನಲ್ಲಿ ಮಂಡ್ಯ ಜಿಲ್ಲೆಯ ಕನಗನಮರಡಿ ಬಳಿ ಬಸ್ಸು ವಿ.ಸಿ. (ವಿಶ್ವೇಶ್ವರಯ್ಯ) ನಾಲೆಗೆ ಉರುಳಿ 30 ಮಂದಿ ತೀರಿಕೊಂಡರು. ಕಾರುಗಳು ನಾಲೆಗೆ, ಕೆರೆಗೆ ಬೀಳುವ ಸುದ್ದಿಯಂತೂ ನಿಂತಿಲ್ಲ. ನೀರಿಗೆ ಬಿದ್ದ ಕಾರಿನ ಬಾಗಿಲನ್ನು ಹೊರಗಿನ ಒತ್ತಡ ತೆರೆಯಗೊಡುವುದಿಲ್ಲ. ಕಾರು ಇನ್ನೂ ತೇಲುತ್ತಿರುವ ಮೊದಲ ನಿಮಿಷದೊಳಗೆ ಸೀಟ್ ಬೆಲ್ಟ್ ಬಿಚ್ಚಿ, ಕಿಟಕಿ ಇಳಿಸಿ, ಮಕ್ಕಳನ್ನು ಮೊದಲು ಹೊರದಬ್ಬಬೇಕು. ಫೋನಿನಲ್ಲಿ ಮಾತಾಡುವ ಹೊತ್ತಲ್ಲ ಅದು. ಕಿಟಕಿ ಇಳಿಯದಿದ್ದರೆ ಗಾಜು ಒಡೆಯುವ ಸಾಧನ ಬೇಕು. ನೀರೊಳಗೆ ಸುತ್ತಿಗೆ ಬೀಸಲು ಆಗುವುದಿಲ್ಲ; ಒತ್ತಿದರೆ ಸ್ಪ್ರಿಂಗಿನ ಬಲದಿಂದ ಉಕ್ಕಿನ ಮೊನೆ ಚಿಮ್ಮುವ ಬಗೆಯದೇ ವಾಸಿ. ಇನ್ನೊಂದು ತುದಿಯಲ್ಲಿ ಬೆಲ್ಟ್ ಕತ್ತರಿಸುವ ಅಲಗು ಇರಲಿ. ಅದು ಇರಬೇಕಾದದ್ದು ಡ್ಯಾಷ್‌ಬೋರ್ಡಿನ ಪೆಟ್ಟಿಗೆಯಲ್ಲಿ ಅಲ್ಲ, ಬೆಲ್ಟ್ ಹಾಕಿಕೊಂಡೇ ಕೈಗೆ ಎಟುಕುವ ಜಾಗದಲ್ಲಿ. ಗಾಜಿನ ನಡುವೆ ಅಲ್ಲ, ಮೂಲೆಯಲ್ಲಿ ಒತ್ತಬೇಕು. ಇದು ಒಡೆಯುವುದು ಪುಡಿಪುಡಿಯಾಗುವ ಟೆಂಪರ್ಡ್ ಗಾಜನ್ನು ಮಾತ್ರ. ಮುಂದಿನ ಗಾಜು ಎರಡು ಪದರಗಳ ನಡುವೆ ಪ್ಲಾಸ್ಟಿಕ್ ಇರುವ ಲ್ಯಾಮಿನೇಟೆಡ್, ಅದು ಬಿರುಕು ಬಿಟ್ಟರೂ ಜಾಗ ಬಿಡುವುದಿಲ್ಲ. ಈಚಿನ ಕೆಲವು ದುಬಾರಿ ಕಾರುಗಳಲ್ಲಿ ಪಕ್ಕದ ಗಾಜೂ ಲ್ಯಾಮಿನೇಟೆಡ್ ಆಗಿರುತ್ತದೆ. ಯಾವುದು ಯಾವುದೆಂದು ಪ್ರತಿ ಗಾಜಿನ ಕೆಳಮೂಲೆಯಲ್ಲಿ ಅಚ್ಚೊತ್ತಿರುತ್ತಾರೆ, ಮುಂದಿನ ಸಲ ಕಾರು ತೊಳೆಯುವಾಗ ನೋಡಿಕೊಳ್ಳಿ.