ಸೈಡ್‌ಗೆ ಹೋಗು ಎಂದರೆ ಎಲ್ಲಿಗೆ?

ನಾನು ಸೈಕಲ್ ಕಲಿಯುವಾಗ ಹಿಂದಿನಿಂದ ಕ್ಯಾರಿಯರ್ ಹಿಡಿದು ಓಡಿಬರುತ್ತಿದ್ದ ಅಣ್ಣ ಕೂಗುತ್ತಿದ್ದದ್ದು ಒಂದೇ ಮಾತು: 'ಯಾವ ಕಡೆ ಬೀಳ್ತೀಯೋ ಆ ಕಡೆಗೇ ಹ್ಯಾಂಡಲ್ ತಿರುಗಿಸೋ!' ಬುದ್ಧಿ ಇದನ್ನು ಒಪ್ಪುವುದಿಲ್ಲ. ಎಡಕ್ಕೆ ಬೀಳುತ್ತಿದ್ದರೆ ಬಲಕ್ಕೆ ಎಳೆದುಕೋ ಎನ್ನುತ್ತದೆ ಕೈ. ಹಾಗೆ ಎಳೆದುಕೊಂಡದ್ದರ ಗುರುತು ನನ್ನ ಮೊಣಕಾಲಿನ ಮೇಲೆ ಇವತ್ತಿಗೂ ಇದೆ. ಅಣ್ಣನಿಗೆ ಭೌತವಿಜ್ಞಾನ ಗೊತ್ತಿರಲಿಲ್ಲ, ಆದರೆ ಮಾತು ಮಾತ್ರ ಅಪ್ಪಟ. ಎಡಕ್ಕೆ ವಾಲಿದಾಗ ಹ್ಯಾಂಡಲನ್ನೂ ಎಡಕ್ಕೆ ತಿರುಗಿಸಿದರೆ ಚಕ್ರಗಳು ಮೈಯ ಭಾರದ ಅಡಿಗೆ ಬಂದು ನಿಲ್ಲುತ್ತವೆ. ಅಂಗೈ ಮೇಲೆ ಕೋಲು ನಿಲ್ಲಿಸುವ ಹುಡುಗರು ಮಾಡುವುದೂ ಇದನ್ನೇ. ಕೋಲು ವಾಲಿದ ಕಡೆಗೆ ಕೈ ಓಡಿಸುತ್ತಾರೆ.

ಹೀಗಾಗಿ ಸೈಕಲ್ಲು ಎಂದೂ ನೇರವಾಗಿ ಹೋಗುವುದಿಲ್ಲ. ಚೂರು ಎಡಕ್ಕೆ ಬಿದ್ದು, ಸಾವರಿಸಿಕೊಂಡು, ಚೂರು ಬಲಕ್ಕೆ ಬಿದ್ದು, ಮತ್ತೆ ಸಾವರಿಸಿಕೊಂಡು ಹೋಗುತ್ತದೆ. ನಂಬಿಕೆಯಾಗದಿದ್ದರೆ ಮಳೆ ನಿಂತ ಮೇಲೆ ನೀರು ನಿಂತ ಗುಂಡಿಯೊಂದನ್ನು ಸೈಕಲ್ಲಿನಲ್ಲಿ ದಾಟಿ, ಇಳಿದು, ಒಣ ಡಾಂಬರಿನ ಮೇಲೆ ಮೂಡಿದ ಗುರುತು ನೋಡಿ. ಹಿಂದಿನ ಚಕ್ರದ ಗೆರೆ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಮುಂದಿನ ಚಕ್ರದ ಗೆರೆ ಅದನ್ನು ಅತ್ತಿಂದಿತ್ತ ದಾಟುತ್ತ ಹಾವಿನ ಹಾಗೆ ಹರಿದಿರುತ್ತದೆ.

ಚಕ್ರಗಳು ಬುಗುರಿಯಂತೆ ತಿರುಗುವುದರಿಂದ ಸೈಕಲ್ ಬೀಳುವುದಿಲ್ಲ ಎಂದು ನಮ್ಮಲ್ಲಿ ಅನೇಕರು ಶಾಲೆಯಲ್ಲಿ ಕೇಳಿದ್ದೇವೆ. 2011ರಲ್ಲಿ ನೆದರ್‌ಲ್ಯಾಂಡ್ಸಿನ ಡೆಲ್ಫ್ಟ್ ಮತ್ತು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯಗಳ ತಂಡವೊಂದು ಬುಗುರಿಯ ಗುಣವನ್ನೇ ಹೆಚ್ಚುಕಡಿಮೆ ಇಲ್ಲವಾಗಿಸಿದ ವಿಚಿತ್ರ ಸೈಕಲ್ಲೊಂದನ್ನು ಕಟ್ಟಿ, ಸವಾರನಿಲ್ಲದೆ ತಳ್ಳಿಬಿಟ್ಟಿತು. ಅದು ಬೀಳದೆ ಹೋಯಿತು. ವಾಲಿದ ಕಡೆಗೆ ಹ್ಯಾಂಡಲ್ ತಾನಾಗಿ ತಿರುಗುವಂತೆ ಅದರ ಭಾರ ಹಂಚಿಟ್ಟಿದ್ದರು, ಅಷ್ಟೇ. ಅಣ್ಣನ ಮಾತನ್ನು ಕಬ್ಬಿಣಕ್ಕೆ ಕಲಿಸಿದ್ದರು ಎನ್ನಬಹುದು.

ಈಗ ರಸ್ತೆಗೆ ಬರೋಣ. ಹಿಂದಿನಿಂದ ಹಾರ್ನು, ಪಕ್ಕಕ್ಕೆ ಬಂದಾಗ ಕಿಟಕಿಯಿಂದ ಹೊರಬಂದ ತಲೆಯೊಂದು, 'ಸೈಡ್‌ಗೆ ಹೋಗಯ್ಯಾ!' ಸೈಕಲ್ ತುಳಿಯುವವರೆಲ್ಲ ಕೇಳಿರುವ ಮಾತು. ಸೈಡ್ ಎಂದರೆ ಡಾಂಬರು ಮುಗಿಯುವ ಅಂಚು. ಸವಾರನಿಗೆ ಇರುವುದರಲ್ಲಿ ಅತಿ ಕೆಟ್ಟ ಜಾಗ ಅದೇ.

ಯಾಕೆಂದರೆ, ಬಲಕ್ಕೆ ಹೋಗಬೇಕಾದರೆ ಸೈಕಲ್ಲು ಮೊದಲು ಬಲಕ್ಕೆ ವಾಲಬೇಕು. ವಾಲಬೇಕಾದರೆ ಚಕ್ರ ಮೈಯಡಿಯಿಂದ ಕ್ಷಣಮಾತ್ರ ಎಡಕ್ಕೆ ಸರಿಯಬೇಕು. ಇದನ್ನು ನಾವು ಅರಿವಿಲ್ಲದೆಯೇ ಮಾಡುತ್ತೇವೆ. ಅಂಚಿಗೆ ಅಂಟಿಕೊಂಡು ಹೋಗುವವನಿಗೆ ಹಾಗೆ ಎಡಕ್ಕೆ ಸರಿಯಲು ಜಾಗವೇ ಇರುವುದಿಲ್ಲ, ಅಲ್ಲಿಗೆ ಡಾಂಬರು ಮುಗಿದಿರುತ್ತದೆ. ಹಳ್ಳಿ ರಸ್ತೆಗಳಲ್ಲಿ ಡಾಂಬರಿಗೂ ಪಕ್ಕದ ಮಣ್ಣಿಗೂ ಮೂರು ನಾಲ್ಕು ಇಂಚಿನ ಮೆಟ್ಟಿಲು. ಚಕ್ರ ಮಣ್ಣಿಗೆ ಇಳಿಯಿತೆನ್ನಿ. ಮೇಲೆ ಹತ್ತಲೆಂದು ಸವಾರ ಬಲಕ್ಕೆ ವಾಲುತ್ತಾನೆ, ಆದರೆ ಟೈರು ಆ ಮೆಟ್ಟಿಲಿಗೆ ಉಜ್ಜಿಕೊಂಡು ಅಲ್ಲೇ ಉಳಿಯುತ್ತದೆ. ಮೈ ಬಲಕ್ಕೆ ಹೋಗಿದೆ, ಚಕ್ರ ಹಿಂಬಾಲಿಸಿಲ್ಲ. ಆಗ ಬೀಳುವುದು ಮಣ್ಣಿನ ಕಡೆಗಲ್ಲ, ರಸ್ತೆಯ ಕಡೆಗೆ. ಹಾರ್ನ್ ಹೊಡೆದವನ ಚಕ್ರದ ಕಡೆಗೆ.

ಪೇಟೆಯಲ್ಲಿ ಅಂಚಿನ ಕಥೆ ಬೇರೆ. ಅಲ್ಲಿ ಮ್ಯಾನ್‌ಹೋಲಿನ ಮುಚ್ಚಳ, ಜಲ್ಲಿ, ಒಡೆದ ಗಾಜು, ನಿಲ್ಲಿಸಿದ ಕಾರುಗಳ ಸಾಲು. ಕಾರಿನ ಬಾಗಿಲು ತೆರೆದರೆ ಸುಮಾರು ಒಂದು ಮೀಟರು ಹೊರಗೆ ಚಾಚುತ್ತದೆ. ನಿಂತ ಕಾರಿನಿಂದ ಒಂದು ಮೀಟರು ದೂರ ತುಳಿಯುವವನು ರಸ್ತೆಯನ್ನು ಆಕ್ರಮಿಸಿಕೊಂಡವನಲ್ಲ, ಹಿಂದೊಮ್ಮೆ ಬಾಗಿಲಿಗೆ ಗುದ್ದಿಸಿಕೊಂಡವನು.

ಹಾಗಾದರೆ ಸೈಕಲ್ಲಿಗೆ ಎಷ್ಟು ಅಗಲ ಬೇಕು? ಹ್ಯಾಂಡಲು, ಮೊಣಕೈ ಸೇರಿ ಮುಕ್ಕಾಲು ಮೀಟರು. ಓಲಾಟವೂ ಸೇರಿದರೆ ಒಂದು ಮೀಟರು. ಇದು ಹದವಾದ ವೇಗದಲ್ಲಿ ಹೋಗುವಾಗಿನ ಮಾತು. ಗಂಟೆಗೆ 11-12 ಕಿ.ಮೀ.ಗಿಂತ ಕೆಳಕ್ಕೆ ಇಳಿದರೆ ಓಲಾಟ ಜೋರಾಗುತ್ತದೆ. ದಿಬ್ಬ ಏರುವವನು, ಕ್ಯಾರಿಯರ್‌ನ ಎರಡು ಕಡೆ ಹಾಲಿನ ಕ್ಯಾನ್ ತೂಗುಹಾಕಿಕೊಂಡವನು, ಒಳಪೆಡಲು ತುಳಿಯುವ ಪೋರ, ಇವರಿಗೆಲ್ಲ ಹೆಚ್ಚು ಜಾಗ ಬೇಕು. ಎಷ್ಟು ನಿಧಾನವೋ ಅಷ್ಟು ಅಗಲ. ರಸ್ತೆಯ ಮೇಲಿನ ನಮ್ಮ ರೂಢಿ ಇದಕ್ಕೆ ನೇರ ವಿರುದ್ಧ. ನಿಧಾನ ಹೋಗುವವನನ್ನೇ ಅಂಚಿಗೆ ಒತ್ತುತ್ತೇವೆ. ಇದರ ಮೇಲೆ ಗಾಳಿಯ ಆಟ ಬೇರೆ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕುವಾಗ ಅದರ ಮೂತಿ ತಳ್ಳಿಕೊಂಡು ಬರುವ ಗಾಳಿ ಮೊದಲು ಸವಾರನನ್ನು ಹೊರಕ್ಕೆ ನೂಕುತ್ತದೆ, ಮರುಗಳಿಗೆಯಲ್ಲೇ ಒಳಕ್ಕೆ ಸೆಳೆಯುತ್ತದೆ. ನೂಕಿಗೆ ಎದುರಾಗಿ ಒಳಕ್ಕೆ ವಾಲಿದವನನ್ನು ಸೆಳೆತವೂ ಅದೇ ದಿಕ್ಕಿಗೆ ಎಳೆಯುತ್ತದೆ.

ಹಲವು ದೇಶಗಳು ಹಿಂದಿಕ್ಕುವ ವಾಹನ ಬಿಡಬೇಕಾದ ಅಂತರವನ್ನು ಅಂಕಿಯಲ್ಲೇ ಬರೆದಿಟ್ಟಿರುವುದು ಇದಕ್ಕೇ. ಜರ್ಮನಿಯಲ್ಲಿ 2020ರಿಂದ ಊರೊಳಗೆ ಒಂದೂವರೆ ಮೀಟರು, ಹೊರಗೆ ಎರಡು. ಬ್ರಿಟನ್ನಿನ ಹೈವೇ ಕೋಡ್ 2022ರಿಂದ ಕನಿಷ್ಠ ಒಂದೂವರೆ ಎನ್ನುತ್ತದೆ. ನಮ್ಮ 2017ರ ಚಾಲನಾ ನಿಯಮಗಳು ಪಾದಚಾರಿ, ಸೈಕಲ್ ಸವಾರ, ಮಕ್ಕಳು, ವೃದ್ಧರ ವಿಷಯದಲ್ಲಿ ವಿಶೇಷ ಎಚ್ಚರ ಇರಲಿ ಎನ್ನುತ್ತವೆ. ಆದರೆ 'ನಾನು ಎಚ್ಚರದಿಂದಲೇ ಇದ್ದೆ' ಎಂದು ಯಾರು ಬೇಕಾದರೂ ಹೇಳಬಹುದು. ಮೀಟರಾದರೆ ಟೇಪು ಹಿಡಿದು ನೋಡಬಹುದು.

ಈ ಲೆಕ್ಕವನ್ನೊಮ್ಮೆ ಕೂಡಿ. ಅಂಚಿನಿಂದ ಸೈಕಲ್ಲಿಗೆ ಅರ್ಧ ಮೀಟರು, ಸವಾರನ ಮುಕ್ಕಾಲು ಮೀಟರು, ನಡುವಿನ ಅಂತರ ಒಂದೂವರೆ, ಕಾರಿನ ಅಗಲ ಒಂದೂ ಮುಕ್ಕಾಲು. ಒಟ್ಟು ನಾಲ್ಕೂವರೆ ಮೀಟರು. ನಮ್ಮ ದ್ವಿಪಥ ರಸ್ತೆಗಳ ಒಂದು ಪಥ ಮೂರೂವರೆ ಮೀಟರು. ಅಂದರೆ ಎದುರಿನ ಪಥಕ್ಕೆ ಕಾಲಿಡದೆ ಸೈಕಲ್ಲನ್ನು ಸರಿಯಾಗಿ ಹಿಂದಿಕ್ಕಲು ಸಾಧ್ಯವೇ ಇಲ್ಲ. ಎದುರಿನಿಂದ ವಾಹನ ಬರುತ್ತಿದ್ದರೆ ಕಾಯಬೇಕು. ಕಾದರೆ ಎಷ್ಟು ನಷ್ಟ? ಗಂಟೆಗೆ 40 ಕಿ.ಮೀ. ವೇಗದ ಕಾರು 15 ಕಿ.ಮೀ. ವೇಗದ ಸೈಕಲ್ಲಿನ ಹಿಂದೆ ಪೂರ್ತಿ ಹತ್ತು ಸೆಕೆಂಡು ತೆವಳಿತೆಂದರೆ, ಕಳೆದುಕೊಳ್ಳುವುದು ಆರು ಸೆಕೆಂಡು ಚಿಲ್ಲರೆ. ಮುಂದಿನ ಸಿಗ್ನಲ್ಲಿನಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ನಿಂತಿರುತ್ತೇವೆ, ಅದೇ ಸೈಕಲ್ಲಿನ ಪಕ್ಕದಲ್ಲಿ.

ಚಾಲಕರು ನಿಜವಾಗಿ ಎಷ್ಟು ಜಾಗ ಬಿಡುತ್ತಾರೆ ಎಂದು ಅಳೆದವರಿದ್ದಾರೆ. ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಲ್ಲಿದ್ದ ಮನೋವಿಜ್ಞಾನಿ ಇಯಾನ್ ವಾಕರ್ 2006ರಲ್ಲಿ ತಮ್ಮ ಸೈಕಲ್ಲಿಗೆ ದೂರಮಾಪಕ ಕಟ್ಟಿಕೊಂಡು ಎರಡು ಸಾವಿರಕ್ಕೂ ಹೆಚ್ಚು ಹಿಂದಿಕ್ಕುವಿಕೆಗಳನ್ನು ದಾಖಲಿಸಿದರು. ಹೆಲ್ಮೆಟ್ ಹಾಕಿದ್ದಾಗ ವಾಹನಗಳು ಸರಾಸರಿ ಎಂಟೂವರೆ ಸೆಂಟಿಮೀಟರು ಹತ್ತಿರ ಬಂದವು. ಉದ್ದ ಕೂದಲಿನ ವಿಗ್ ಧರಿಸಿ, ಹಿಂದಿನಿಂದ ಹೆಂಗಸಿನಂತೆ ಕಂಡಾಗ ಸುಮಾರು 14 ಸೆಂಟಿಮೀಟರು ದೂರ ಹೋದವು! ಈ ಪ್ರಯೋಗದ ನಡುವೆ ಅವರಿಗೆ ಒಮ್ಮೆ ಬಸ್ಸು, ಒಮ್ಮೆ ಲಾರಿ ತಾಗಿತು. ಎರಡು ಸಲವೂ ತಲೆ ಮೇಲೆ ಹೆಲ್ಮೆಟ್ ಇತ್ತು. ಹೆಲ್ಮೆಟ್ಟಿನ ಲೆಕ್ಕದ ಬಗ್ಗೆ ಆಮೇಲೆ ಸಂಶೋಧಕರ ನಡುವೆ ಜಗ್ಗಾಟ ನಡೆಯಿತು, ಹಾಗಾಗಿ ಇದನ್ನು ಓದಿ ಯಾರೂ ಹೆಲ್ಮೆಟ್ ಬಿಚ್ಚಿಡಬೇಡಿ. ನನಗೆ ಹೆಚ್ಚು ಮುಖ್ಯವೆನಿಸುವುದು ಅವರ ತಂಡದ 2013ರ ಅಧ್ಯಯನ. ಏಳು ಬಗೆಯ ಉಡುಪು ಧರಿಸಿ ಅಳೆದರು. ಏನೇ ಧರಿಸಿದರೂ ನೂರರಲ್ಲಿ ಒಬ್ಬಿಬ್ಬರು ಚಾಲಕರು ಅರ್ಧ ಮೀಟರಿಗಿಂತ ಹತ್ತಿರದಲ್ಲೇ ಸವರಿಕೊಂಡು ಹೋದರು. ಸವಾರ ತೊಡುವ ಯಾವ ಅಂಗಿಯೂ ಅವರನ್ನು ದೂರ ಇಡಲಿಲ್ಲ.

ಇವರು ಕಂಡೂ ಹತ್ತಿರ ಬಂದವರು. ಕಾಣದೆಯೇ ಗುದ್ದುವವರು ಬೇರೆ. 'ನೋಡಿದ್ದೆ ಸ್ವಾಮಿ, ಆದರೆ ಕಾಣಲೇ ಇಲ್ಲ' ಎನ್ನುತ್ತಾರೆ. ಇದು ಪೊಲೀಸರ ಮುಂದೆ ಹೇಳುವ ಸುಳ್ಳು ಎಂದು ನಾನೂ ಅಂದುಕೊಂಡಿದ್ದೆ. ಆದರೆ ಬಹಳ ಸಲ ಅದು ಸುಳ್ಳಲ್ಲ.

ಕಣ್ಣು ಸ್ಪಷ್ಟವಾಗಿ ನೋಡುವುದು ತೀರಾ ಕಿರಿದಾದ ಜಾಗವನ್ನು. ಕೈ ಚಾಚಿ ಹೆಬ್ಬೆರಳು ಎತ್ತಿ ಹಿಡಿದರೆ ಅದರ ಉಗುರು ಮುಚ್ಚುವಷ್ಟು. ಉಳಿದದ್ದೆಲ್ಲ ಮಸುಕು. ಆದ್ದರಿಂದ ಕಣ್ಣು ಸೆಕೆಂಡಿಗೆ ಮೂರು ನಾಲ್ಕು ಸಲ ಜಿಗಿಯುತ್ತದೆ, ಜಿಗಿಯುವ ಹೊತ್ತಿನಲ್ಲಿ ಮಿದುಳು ದೃಶ್ಯದ ಬಾಗಿಲು ಹಾಕಿಕೊಳ್ಳುತ್ತದೆ. ಸರ್ಕಲ್ಲಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆ ತಿರುಗಿಸಿದ ಚಾಲಕನಿಗೆ ಸಿಗುವುದು ಇಡೀ ರಸ್ತೆಯ ಚಿತ್ರವಲ್ಲ, ನಾಲ್ಕಾರು ತುಣುಕು. ನಡುವಿನ ಖಾಲಿಯನ್ನು ಮಿದುಳು ತನ್ನ ನಿರೀಕ್ಷೆಯಿಂದ ತುಂಬುತ್ತದೆ. ಕಾರು, ಬಸ್ಸು ಅಗಲವಾದವು, ಎರಡು ಮೂರು ತುಣುಕಿನಲ್ಲಿ ಸಿಕ್ಕಿಬೀಳುತ್ತವೆ. ಎದುರಿನಿಂದ ನೋಡಿದರೆ ಕಡ್ಡಿಯಂತಿರುವ ಸೈಕಲ್ಲು ಎರಡು ತುಣುಕುಗಳ ನಡುವೆ ಜಾರಿಹೋಗುತ್ತದೆ. ಅದರಲ್ಲೂ ಅಂಚಿನಲ್ಲಿ ಬರುವ ಸೈಕಲ್ಲು. ವಾಹನ ಬರುವ ಜಾಗ ಎಂದು ಕಣ್ಣು ರೂಢಿ ಮಾಡಿಕೊಂಡಿರುವುದು ರಸ್ತೆಯ ನಡುವನ್ನೇ ಹೊರತು ಅಂಚನ್ನಲ್ಲ.

ಇದಕ್ಕಿಂತ ಭಯಂಕರವಾದ ಒಂದು ಸಂಗತಿ ಹಡಗಿನವರಿಗೆ ಗೊತ್ತು. ದೂರದ ಹಡಗೊಂದು ನಮ್ಮಿಂದ ಸದಾ ಒಂದೇ ದಿಕ್ಕಿನಲ್ಲಿ ಕಾಣುತ್ತ ಹತ್ತಿರವಾಗುತ್ತಿದ್ದರೆ ಡಿಕ್ಕಿ ಖಚಿತ. ಎರಡು ರಸ್ತೆ ಕೂಡುವಲ್ಲಿ ಕಾರೂ ಸೈಕಲ್ಲೂ ಒಂದೇ ಹೊತ್ತಿಗೆ ತಲುಪುವಂತೆ ಬರುತ್ತಿದ್ದರೆ, ಕಾರಿನ ಗಾಜಿನ ಮೇಲೆ ಸೈಕಲ್ಲು ಸರಿಯದೆ ಒಂದೇ ಕಡೆ ನಿಂತಂತೆ ಇರುತ್ತದೆ. ಕಣ್ಣಂಚನ್ನು ಎಚ್ಚರಿಸುವುದು ಚಲನೆ, ಇಲ್ಲಿ ಚಲನೆಯೇ ಇಲ್ಲ. ಆ ಒಂದು ಕಡೆ ಮುಂಗಾಜಿನ ಪಕ್ಕದ ಕಂಬವಾಗಿದ್ದರೆ ಮುಗಿಯಿತು, ಕೊನೆಯ ಕ್ಷಣದವರೆಗೂ ಸೈಕಲ್ಲು ಅದರ ಮರೆಯಲ್ಲೇ ಇರುತ್ತದೆ. ಇಂಗ್ಲೆಂಡಿನ ನ್ಯೂ ಫಾರೆಸ್ಟ್‌ನಲ್ಲಿ ಇಪ್ಲಿ ಕ್ರಾಸ್ ಎಂಬ ಕೂಡುರಸ್ತೆ ಇದಕ್ಕೇ ಕುಖ್ಯಾತ. ಸುತ್ತ ಬಟ್ಟಬಯಲು, ಮರೆ ಮಾಡುವಂಥದ್ದು ಏನೂ ಇಲ್ಲ. ಆದರೂ ಅಲ್ಲಿ ಸವಾರರು ಸತ್ತಿದ್ದಾರೆ. ಚಾಲಕ ಕತ್ತನ್ನಷ್ಟೇ ಅಲ್ಲ, ಎದೆಯನ್ನೂ ಮುಂದಕ್ಕೆ ತಂದು ಕಂಬದ ಆಚೆ ಇಣುಕಬೇಕು.

ರಾತ್ರಿಯ ವಿಷಯದಲ್ಲಿ ಒಂದು ಸಣ್ಣ ಮಾತು. ಹೊಳೆಯುವ ಹಸಿರು ಜಾಕೆಟ್ಟು ಹಗಲಿನ ಅತಿನೇರಳೆ ಕಿರಣದಿಂದ ಹೊಳೆಯುವಂಥದ್ದು, ಕತ್ತಲಲ್ಲಿ ಅದರ ಬಣ್ಣಕ್ಕೆ ಬೆಲೆಯಿಲ್ಲ. ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಪಟ್ಟಿ ಬೇಕು, ಅದೂ ಕಾಲಿಗೆ. ಕೀಲುಗಳ ಮೇಲೆ ಕೆಲವೇ ಬೆಳಕಿನ ಚುಕ್ಕಿಗಳಿದ್ದರೂ ಅವು ಚಲಿಸಿದೊಡನೆ ಮಿದುಳು ಮನುಷ್ಯನನ್ನು ಗುರುತಿಸುತ್ತದೆ ಎಂದು ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಯೋಹಾನ್ಸನ್ 1973ರಲ್ಲೇ ತೋರಿಸಿದ್ದರು. ಹಳೆಯ ಕಪ್ಪು ಸೈಕಲ್ಲುಗಳ ಪೆಡಲಿಗೆ ಹಳದಿ ರಿಫ್ಲೆಕ್ಟರ್ ಇರುತ್ತಿತ್ತಲ್ಲ, ಮೇಲೆ ಕೆಳಗೆ ಆಡುವ ಆ ಎರಡು ಚುಕ್ಕಿ ಕಂಡೊಡನೆ 'ಸೈಕಲ್ಲು' ಎಂದು ಹೊಳೆಯುತ್ತಿತ್ತು. ಈಗಿನ ಎಷ್ಟೋ ಚೆಂದದ ಸೈಕಲ್ಲುಗಳಲ್ಲಿ ಅದಿಲ್ಲ.

ಕಣ್ಣು ತಪ್ಪುತ್ತದೆ ಎಂದು ಒಪ್ಪಿಕೊಂಡ ಮೇಲೆ ಉಳಿಯುವ ಪ್ರಶ್ನೆ ವೇಗದ್ದು. ಗಂಟೆಗೆ 30 ಕಿ.ಮೀ. ವೇಗದಲ್ಲಿರುವ ಕಾರಿನ ಮುಂದೆ ಮಗುವೊಂದು ಸೈಕಲ್ ಸಮೇತ ಬಿತ್ತು. ಬ್ರೇಕಿಗೆ ಕಾಲು ಹೋಗಲು ಒಂದು ಸೆಕೆಂಡು ಎಂದಿಟ್ಟುಕೊಳ್ಳಿ. ಒಣ ರಸ್ತೆಯಲ್ಲಿ ಕಾರು ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. ಅದೇ ಕಾರು 50ರಲ್ಲಿದ್ದರೆ? ಆ ಒಂದು ಸೆಕೆಂಡಿನಲ್ಲೇ ಸುಮಾರು 14 ಮೀಟರು ದಾಟಿರುತ್ತದೆ. ಮೊದಲನೆಯ ಕಾರು ನಿಂತ ಜಾಗದಲ್ಲಿ ಎರಡನೆಯದು ಇನ್ನೂ ಬ್ರೇಕನ್ನೇ ಒತ್ತಿಲ್ಲ, ಪೂರ್ತಿ 50ರಲ್ಲೇ ಗುದ್ದುತ್ತದೆ. ಆ ಪೆಟ್ಟು ಸುಮಾರು 10 ಮೀಟರು ಎತ್ತರದಿಂದ, ಅಂದರೆ ಮೂರನೇ ಮಹಡಿಯಿಂದ ಬಿದ್ದದ್ದಕ್ಕೆ ಸಮ.

ನೆದರ್‌ಲ್ಯಾಂಡ್ಸಿನವರು ಸೈಕಲ್ ಪ್ರೀತಿಯನ್ನು ತಾಯಿಯ ಹೊಟ್ಟೆಯಿಂದಲೇ ತಂದವರಲ್ಲ. ಎರಡನೇ ಮಹಾಯುದ್ಧದ ನಂತರ ಅಲ್ಲೂ ಕಾರು ನುಗ್ಗಿ ಸೈಕಲ್ಲು ಅಂಚಿಗೆ ಹೋಗಿತ್ತು. 1971ರಲ್ಲಿ ಅಲ್ಲಿನ ರಸ್ತೆಗಳಲ್ಲಿ ಸುಮಾರು 3,300 ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. 'ಮಕ್ಕಳ ಕೊಲೆ ನಿಲ್ಲಿಸಿ' ಎಂದು ತಂದೆತಾಯಿಗಳು ಬೀದಿಗೆ ಬಂದರು. 1973ರ ತೈಲ ಬಿಕ್ಕಟ್ಟು ಅವರ ಮಾತಿಗೆ ಸರ್ಕಾರದ ಕಿವಿ ಕೊಡಿಸಿತು. ಕ್ರಮೇಣ ರೂಪುಗೊಂಡ ಸೂತ್ರ ಸರಳ: 30ರವರೆಗೆ ಎಲ್ಲರೂ ಕೂಡಿ ಹೋಗಬಹುದು, ಅದಕ್ಕಿಂತ ವೇಗದ ರಸ್ತೆಯಲ್ಲಿ ಸೈಕಲ್ಲಿಗೆ ಬೇರೆಯದೇ ದಾರಿ. ಬಿಳಿ ಗೆರೆ ಎಳೆದ ದಾರಿಯಲ್ಲ, ಕಾರು ಹತ್ತಲಾಗದ ದಾರಿ. ಕೆಲವು ದಿನಗಳಲ್ಲೇ ಪಾರ್ಕಿಂಗ್ ಆಗಿಬಿಡುವ ಸೈಕಲ್ ಪಥ ಹೇಗಿರುತ್ತದೆಂದು ಬೆಂಗಳೂರಿನವರಿಗೆ ವಿವರಿಸಬೇಕಿಲ್ಲ. ನೆದರ್‌ಲ್ಯಾಂಡ್ಸಿನಲ್ಲೂ ಈಗಲೂ ವರ್ಷಕ್ಕೆ 200ಕ್ಕೂ ಹೆಚ್ಚು ಸವಾರರು ಸಾಯುತ್ತಾರೆ, ಬಹುಪಾಲು ವಯಸ್ಸಾದವರು, ಅದೇನೂ ಸ್ವರ್ಗವಲ್ಲ.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರುಮಾಡಿದಾಗ ನಮ್ಮ ಕಡೆಯ ರಾಜ್ಯ ಹೆದ್ದಾರಿಯಲ್ಲಿ ಬೆಳಗ್ಗೆ ಒಂಬತ್ತಕ್ಕೆ ಒಂದು ಹೊಸ ನೋಟ ಕಾಣತೊಡಗಿತು. ಹತ್ತು ಹದಿನೈದು ಹುಡುಗಿಯರು ಒಟ್ಟಾಗಿ, ಮಾತಾಡಿಕೊಂಡು, ಇಬ್ಬಿಬ್ಬರ ಸಾಲಿನಲ್ಲಿ. ಹಿಂದಿನ ಬಸ್ಸಿಗೆ ಸಿಟ್ಟು ಬಂದರೂ ನಿಧಾನಿಸಲೇಬೇಕಿತ್ತು. ಒಂಟಿ ಸೈಕಲ್ಲನ್ನು ಸವರಿಕೊಂಡು ಹೋಗುವವನೂ ಗುಂಪನ್ನು ಕಂಡು ಬ್ರೇಕ್ ಒತ್ತುತ್ತಾನೆ. ಸಂಶೋಧಕ ಪೀಟರ್ ಜೇಕಬ್‌ಸನ್ 2003ರಲ್ಲಿ ಅಮೆರಿಕ, ಯುರೋಪುಗಳ ಅಂಕಿ ಅಂಶ ಹಿಡಿದು ಹೇಳಿದ್ದು ಇದನ್ನೇ ಹೋಲುತ್ತದೆ: ಸೈಕಲ್ ತುಳಿಯುವವರು ಇಮ್ಮಡಿಯಾದರೆ ಒಬ್ಬೊಬ್ಬರ ಅಪಾಯ ಮೂರನೇ ಒಂದು ಪಾಲು ಇಳಿಯುತ್ತದೆ. ಕಣ್ಣಿನ ನಿರೀಕ್ಷೆ ಬದಲಾಗುವುದು ಒಂದು ಕಾರಣವಿರಬಹುದು. ಜನ ಹೆಚ್ಚಿದ್ದರಿಂದ ಅಪಾಯ ಇಳಿಯಿತೋ, ಅಪಾಯ ಕಡಿಮೆಯಿದ್ದಲ್ಲಿ ಜನ ಹೆಚ್ಚಿದರೋ ಎಂಬ ವಾದವೂ ಇದೆ, ನ್ಯಾಯವಾದ ವಾದವೇ. ಆ ಹುಡುಗಿಯರಿಗಂತೂ ಅದರ ಗೊಡವೆ ಇರಲಿಲ್ಲ. ರಸ್ತೆ ತಮ್ಮದೂ ಹೌದು ಎಂಬಂತೆ ಹೋಗುತ್ತಿದ್ದರು.

ಹೌದು ಕೂಡ. ನುಣುಪಾದ ರಸ್ತೆ ಬೇಕು ಎಂದು ಇಂಗ್ಲೆಂಡ್, ಅಮೆರಿಕಗಳಲ್ಲಿ 1880ರ ದಶಕದಲ್ಲಿ ಹಟ ಹಿಡಿದವರು ಸೈಕಲ್ ಸಂಘದವರು. ಕಾರು ಬಂದದ್ದು ಆಮೇಲೆ.

ಕಾರಿನ ಬಾಗಿಲಿನ ವಿಷಯ ಹೇಳಿದೆನಲ್ಲ, ಅದಕ್ಕೆ ಕಾಸು ಖರ್ಚಿಲ್ಲದ ಉಪಾಯವಿದೆ, ಬ್ರಿಟನ್ನಿನ ಹೈವೇ ಕೋಡ್‌ನಲ್ಲೂ ಈಗ ಸೇರಿದೆ. ಬಾಗಿಲನ್ನು ಅದಕ್ಕೆ ದೂರದ ಕೈಯಿಂದ ತೆರೆಯುವುದು. ನಮ್ಮ ಚಾಲಕರಾದರೆ ಎಡಗೈಯಿಂದ. ಎಡಗೈ ಬಲಬಾಗಿಲಿಗೆ ಚಾಚಬೇಕಾದರೆ ಮೈ ತಿರುಗಲೇಬೇಕು, ಮೈ ತಿರುಗಿದರೆ ಕಣ್ಣು ತಾನಾಗಿ ಹಿಂದಕ್ಕೆ ಹೋಗುತ್ತದೆ. ಮನೆಯಲ್ಲಿ ಎಲ್ಲರಿಗೂ ಅಭ್ಯಾಸ ಮಾಡಿಸಲು ನನಗೆ ಎರಡು ವಾರ ಹಿಡಿಯಿತು. ಅಣ್ಣ ಮಾತ್ರ ಇನ್ನೂ ಮರೆಯುತ್ತಾನೆ.