ಗಂಟಲು ಕಟ್ಟಿ ಮೂರು ವಾರ ಆಯ್ತಾ?

ಜೂನ್‌ನಲ್ಲಿ ಶಾಲೆಗಳು ಶುರುವಾಗುತ್ತವೆ. ಆಗಸ್ಟ್ ಹೊತ್ತಿಗೆ ಟೀಚರ್‌ಗಳು ನಮ್ಮಲ್ಲಿಗೆ ಬರತೊಡಗುತ್ತಾರೆ. ಬೆಂಗಳೂರಿನಲ್ಲಿ ಸ್ಪೀಚ್ ಥೆರಪಿ ಮಾಡುವ ನಮ್ಮಂಥವರಿಗೆ ಇದು ಪ್ರತಿ ವರ್ಷದ ಮಾತು. "ಮೇಡಂ, ಗಂಟಲು ಕಟ್ಟಿದೆ, ಬಿಡ್ತಾನೇ ಇಲ್ಲ" ಎನ್ನುತ್ತಾರೆ. ಯಾವಾಗಿಂದ ಎಂದು ಕೇಳಿದರೆ ಹೇಳುವುದು ವಾರದ ಲೆಕ್ಕವಲ್ಲ, ತಿಂಗಳ ಲೆಕ್ಕ. ಅಷ್ಟರಲ್ಲಿ ಒಂದೆರಡು ಕೋರ್ಸ್ ಆ್ಯಂಟಿಬಯೊಟಿಕ್ ಆಗಿರುತ್ತದೆ. ಜೇನು, ಮೆಣಸು, ಕಲ್ಲುಸಕ್ಕರೆ, ಅತಿಮಧುರ, ಪಕ್ಕದ ಮನೆಯವರು ಹೇಳಿದ ಕಷಾಯ ಎಲ್ಲ ಮುಗಿದಿರುತ್ತದೆ. ದನಿ ಹುಟ್ಟುವ ಜಾಗವನ್ನು ಮಾತ್ರ ಯಾರೂ ಇಣುಕಿ ನೋಡಿರುವುದಿಲ್ಲ.

ಬಾಯಿ ತೆರೆಸಿ ಟಾರ್ಚ್ ಬಿಟ್ಟರೆ ಕಾಣುವುದು ಗಂಟಲು ಅಷ್ಟೆ. ಧ್ವನಿ ತಂತುಗಳು ಇರುವುದು ಇನ್ನೂ ಕೆಳಗೆ, ಕುತ್ತಿಗೆಯ ಮುಂಭಾಗದಲ್ಲಿ ಕೈಗೆ ಸಿಗುವ ಧ್ವನಿಪೆಟ್ಟಿಗೆಯ ಒಳಗೆ. ಅವು ಎರಡು ಪುಟ್ಟ ಮಡಿಕೆಗಳು. ಗಂಡಸರಲ್ಲಿ ಎರಡು ಸೆಂಟಿಮೀಟರ್ ಆಸುಪಾಸು, ಹೆಂಗಸರಲ್ಲಿ ಇನ್ನೂ ಚಿಕ್ಕವು. ಶ್ವಾಸಕೋಶದಿಂದ ಬರುವ ಗಾಳಿಗೆ ಇವು ತೆರೆದು ಮುಚ್ಚುತ್ತಾ ಅದುರುತ್ತವೆ. ಗಂಡಸರು ಸಾಮಾನ್ಯವಾಗಿ ಮಾತಾಡುವಾಗ ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರು ಮಾತಾಡುವಾಗ ಸುಮಾರು 200 ಸಲ. ಪ್ರೈಮರಿ ಶಾಲೆಯ ಮಿಸ್ ಒಬ್ಬರಿಗೆ ದಿನದಲ್ಲಿ ಎಲ್ಲ ಸೇರಿ ಎರಡು ಗಂಟೆ ದನಿ ಹೊರಟಿತು ಅಂದುಕೊಳ್ಳಿ. 14 ಲಕ್ಷ ಸಲ ದಾಟಿತು. ಅದೂ ಮೆತ್ತಗೆ ಮಾತಾಡಿದರೆ. ಕೂಗಿದರೆ ಈ ಸಂಖ್ಯೆಯೂ ಏರುತ್ತದೆ, ಒಂದೊಂದು ಬಡಿತದ ಜೋರೂ ಏರುತ್ತದೆ.

ಜೇನಿನ ವಿಷಯ ಇಲ್ಲೇ ಮುಗಿಸಿಬಿಡೋಣ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತದೆ. ಧ್ವನಿ ತಂತು ಇರುವುದು ಗಾಳಿಯ ದಾರಿಯಲ್ಲಿ. ನೀರೇ ಆಗಲಿ, ಜೇನೇ ಆಗಲಿ, ಅಲ್ಲಿಗೆ ತಾಗಿದರೆ ನೆತ್ತಿಗೆ ಹತ್ತಿ ಕೆಮ್ಮು ಬರುತ್ತದೆ. ಜೇನು ಗಂಟಲಿಗೆ ಹಿತ, ತಿನ್ನಬೇಡಿ ಎನ್ನುವುದಿಲ್ಲ. ತಂತುಗಳಿಗೆ ಔಷಧಿ ಅಂದುಕೊಳ್ಳಬೇಡಿ, ಅಷ್ಟೆ. ನೀರಿನ ಕಥೆ ಬೇರೆ. ಅದೂ ನೇರವಾಗಿ ತಾಗುವುದಿಲ್ಲ, ಆದರೆ ಮೈಯಲ್ಲಿ ನೀರಿನಂಶ ಸರಿಯಾಗಿದ್ದರೆ ತಂತುಗಳ ಮೇಲಿನ ಲೋಳೆ ತೆಳ್ಳಗಿರುತ್ತದೆ, ಅದುರುವುದು ಸಲೀಸು. ಇದನ್ನು ಹೇಳಿದಾಗಲೆಲ್ಲ ಟೀಚರ್‌ಗಳು ಒಂದು ಥರ ನಗುತ್ತಾರೆ. ಶಾಲೆಯಲ್ಲಿ ಟಾಯ್ಲೆಟ್ ಸರಿ ಇರುವುದಿಲ್ಲ. ಹಾಗಾಗಿ ಬೆಳಗ್ಗೆ ಮನೆ ಬಿಟ್ಟವರು ಸಂಜೆವರೆಗೂ ನೀರೇ ಕುಡಿದಿರುವುದಿಲ್ಲ. ಇದಕ್ಕೆ ನನ್ನ ಹತ್ತಿರ ಥೆರಪಿ ಇಲ್ಲ.

ಪರೀಕ್ಷೆಗೆ ಬರೋಣ. ಇಎನ್‌ಟಿ ಡಾಕ್ಟರು ಮೂಗಿನ ಮೂಲಕ ತೆಳ್ಳನೆಯ ಟ್ಯೂಬನ್ನೋ, ಬಾಯಿಯ ಮೂಲಕ ಕಡ್ಡಿಯಂಥ ಸ್ಕೋಪನ್ನೋ ಬಿಟ್ಟು ತಂತುಗಳನ್ನು ಪರದೆಯ ಮೇಲೆ ನೋಡುತ್ತಾರೆ. ಕೆಲವೇ ನಿಮಿಷದ ಕೆಲಸ. ನೋವಿಗಿಂತ ಕಿರಿಕಿರಿಯೇ ಜಾಸ್ತಿ. ಸ್ಟ್ರೋಬೊಸ್ಕೋಪಿ ಇದ್ದರೆ ಇನ್ನೂ ಒಳ್ಳೆಯದು. ಅದರಲ್ಲಿ ಬೆಳಕು ಮಿನುಗಿ ಮಿನುಗಿ, ಕಣ್ಣಿಗೆ ಸಿಗದಷ್ಟು ವೇಗದ ಅದುರುವಿಕೆ ಸ್ಲೋ ಮೋಷನ್‌ನಲ್ಲಿ ಕಾಣುತ್ತದೆ. ಯಾವ ಭಾಗ ಅದುರುತ್ತಿಲ್ಲ, ಎಲ್ಲಿ ಸಂದು ಉಳಿಯುತ್ತಿದೆ ಎಂಬುದು ಗೊತ್ತಾಗುತ್ತದೆ.

ಆಮೇಲೆ ನಮ್ಮ ಸರದಿ. ಒಂದೇ ಉಸಿರಲ್ಲಿ 'ಆ' ಎಂದು ಎಷ್ಟು ಹೊತ್ತು ಎಳೆಯುತ್ತೀರಿ ಎಂದು ನೋಡುತ್ತೇವೆ. ದೊಡ್ಡವರು 15 ಸೆಕೆಂಡಾದರೂ ಎಳೆಯಬೇಕು. ಹತ್ತರ ಒಳಗೇ ಉಸಿರು ಮುಗಿದರೆ ಗಾಳಿ ಎಲ್ಲೋ ಸೋರುತ್ತಿದೆ ಎಂದು ಅನುಮಾನ. ಇನ್ನೊಂದು ಪರೀಕ್ಷೆಯಲ್ಲಿ 'ಸ್' ಎಳೆಸಿ, ಆಮೇಲೆ ಅದಕ್ಕೇ ದನಿ ಸೇರಿಸಿ 'ಜ಼್' ಎಳೆಸಬೇಕು. ಮೊದಲನೆಯದು ಎರಡನೆಯದಕ್ಕಿಂತ 1.4 ಪಟ್ಟಿಗೂ ಜಾಸ್ತಿ ಬಂದರೆ ತಂತುಗಳು ಸರಿಯಾಗಿ ಕೂಡುತ್ತಿಲ್ಲ ಎನ್ನುವ ಸುಳಿವು. ನಮ್ಮ ಎಷ್ಟೋ ಪೇಷೆಂಟ್‌ಗಳಿಗೆ ಆ 'ಜ಼್' ಬರುವುದಿಲ್ಲ, 'ಜ' ಅಂದುಬಿಡುತ್ತಾರೆ. ದುಂಬಿ ಸದ್ದು ಮಾಡಿ ಎಂದರೆ ತಕ್ಷಣ ಬರುತ್ತದೆ. ಕೊನೆಗೆ ಗೊಗ್ಗರು ಎಷ್ಟು, ಗಾಳಿ ಎಷ್ಟು, ಬಿಗಿ ಎಷ್ಟು ಎಂದು ಕಿವಿಯಿಂದ ಕೇಳಿ ಸೊನ್ನೆಯಿಂದ ಮೂರರವರೆಗೆ ಅಂಕ ಹಾಕುತ್ತೇವೆ. ಕಂಪ್ಯೂಟರ್ ಅನಾಲಿಸಿಸ್ ಕೂಡ ಇದೆ. ಆದರೂ ಪಳಗಿದ ಕಿವಿಗೇ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಇದಕ್ಕೆಲ್ಲ ಮೊದಲು ನಾನು ಕೇಳುವ ಒಂದು ಪ್ರಶ್ನೆ ಇದೆ. ದನಿ ಬೆಳಗ್ಗೆ ಕೆಟ್ಟಿರುತ್ತದೋ, ಸಂಜೆ ಕೆಡುತ್ತದೋ? ಬೆಳಗ್ಗೆ ಪರವಾಗಿಲ್ಲ, ಸಂಜೆಗೆ ಬಿದ್ದುಹೋಗುತ್ತದೆ ಎಂದರೆ ಬಳಕೆಯ ಕಡೆಗೆ ನೋಡಬೇಕು. ಏಳುವಾಗಲೇ ಗೊಗ್ಗರು, ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ, ಬಾಯಲ್ಲಿ ಹುಳಿ ಎಂದರೆ ಆ್ಯಸಿಡ್ ಮೇಲೆ ಬರುತ್ತಿರಬಹುದು. ವೈಟ್‌ಫೀಲ್ಡ್‌ನಿಂದ ಟ್ರಾಫಿಕ್ ದಾಟಿ ಮನೆ ಸೇರಿ, ಹತ್ತೂವರೆಗೆ ಊಟ ಮಾಡಿ, ಹನ್ನೊಂದಕ್ಕೆ ಮಲಗಿದರೆ ಇನ್ನೇನಾಗುತ್ತದೆ ಹೇಳಿ.

ಬೆಂಗಳೂರಿನಲ್ಲಿ ಇನ್ನೊಂದು ಕಾರಣವೂ ಧಾರಾಳ. ಅಲರ್ಜಿ, ವೀಸಿಂಗ್ ಎಂದು ಸ್ಟಿರಾಯ್ಡ್ ಇನ್ಹೇಲರ್ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ದನಿ ಒಡೆಯುತ್ತದೆ, ಒಳಗೆ ಫಂಗಸ್ ಕೂಡ ಕೂರಬಹುದು. ಇನ್ಹೇಲರ್ ನಿಲ್ಲಿಸಬೇಡಿ. ಸ್ಪೇಸರ್, ಅಂದರೆ ಇನ್ಹೇಲರ್‌ಗೂ ಬಾಯಿಗೂ ನಡುವೆ ಸಿಕ್ಕಿಸುವ ಕೊಳವೆ, ಹಾಕಿ ತೆಗೆದುಕೊಳ್ಳಿ, ಪ್ರತಿ ಸಲವೂ ಬಾಯಿ ಮುಕ್ಕಳಿಸಿ ಉಗಿಯಿರಿ. ಆಮೇಲೂ ಹಾಗೇ ಇದ್ದರೆ ಬರೆದುಕೊಟ್ಟ ಡಾಕ್ಟರಿಗೆ ಹೇಳಿ.

ಟೀಚರ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ನಾಡ್ಯೂಲ್, ಅಂದರೆ ಚಿಕ್ಕ ಗಂಟು. ಸೌದೆ ಒಡೆಯುವವರ ಅಂಗೈ ಜಡ್ಡುಗಟ್ಟುತ್ತದಲ್ಲ, ಹಾಗೆ. ಎರಡೂ ತಂತುಗಳಲ್ಲಿ, ಎದುರುಬದುರು, ಬಡಿತ ಜಾಸ್ತಿ ಬೀಳುವ ಜಾಗದಲ್ಲೇ ಏಳುತ್ತವೆ. ಗಂಟು ಎಂದ ಕೂಡಲೇ ಜನ ಹೆದರುತ್ತಾರೆ. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ತಿರುಗುವುದೂ ಇಲ್ಲ. ಇದಕ್ಕೆ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ, ಥೆರಪಿ. ಕೂಗುವ ರೂಢಿ ಹಾಗೇ ಉಳಿಸಿಕೊಂಡು ಕತ್ತರಿಸಿ ತೆಗೆಸಿದರೆ ಮತ್ತೆ ಬರಬಹುದು. ತಂತುವಿನ ಮೇಲೆ ಏಳುವ ಇನ್ನೊಂದು ಬಗೆಯ ಉಬ್ಬು, ಪಾಲಿಪ್, ಹಾಗಲ್ಲ. ಅದು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ, ಮ್ಯಾಚ್ ನೋಡುತ್ತಾ ಒಮ್ಮೆ ಜೋರಾಗಿ ಕಿರುಚಿದ್ದಕ್ಕೂ ಬರಬಹುದು. ಅದಕ್ಕೆ ಆಪರೇಷನ್ ಬೇಕಾಗುವುದು ಹೆಚ್ಚು.

ಥೆರಪಿ ಅಂದರೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಪೀಣ್ಯ ಕಡೆಯ ಒಬ್ಬ ಮೂರನೇ ಕ್ಲಾಸ್ ಮಿಸ್ ಬಂದಿದ್ದರು. ಲೋಟದಲ್ಲಿ ಅರ್ಧ ನೀರು, ಅದರಲ್ಲಿ ತುದಿ ಮುಳುಗುವಷ್ಟು ಸ್ಟ್ರಾ ಕೊಟ್ಟೆ. ಮೊದಲು ಸುಮ್ನೆ ಊದಿ ಗುಳ್ಳೆ ಬರಿಸಿದರು. ಆಮೇಲೆ ಊದುತ್ತಲೇ 'ಊ' ಎಂದು ದನಿ ಸೇರಿಸಲು ಹೇಳಿದೆ. "ಮಕ್ಕಳು ಹೀಗೆ ಮಾಡಿದ್ರೆ ಬೈತೀನಿ ಮೇಡಂ" ಎಂದು ನಕ್ಕರು. ಇದರ ಗುಟ್ಟು ಸರಳ. ಬಾಯಿಯ ದಾರಿ ಕಿರಿದಾದಾಗ ಗಾಳಿಯ ಒತ್ತಡ ಹಿಂದಕ್ಕೆ ತಂತುಗಳವರೆಗೂ ಬರುತ್ತದೆ. ಅವು ಜೋರಾಗಿ ಬಡಿದುಕೊಳ್ಳದೆ ಹಗುರಾಗಿ ಅದುರುತ್ತವೆ. ಆ ಹಗುರತನ ಕೈವಶವಾದ ಮೇಲೆ ಸ್ಟ್ರಾ ತೆಗೆದು 'ಮ್' ಎಂದು ಗುನುಗುವುದು. ತುಟಿ, ಮೂಗಿನ ಹತ್ತಿರ ಜುಮ್ ಎನ್ನಬೇಕು. ಅಲ್ಲಿಂದ 'ಅಮ್ಮ', 'ಮನೆ', 'ಮಾವಿನ ಮರ'. ಆಮೇಲೆ ವಾಕ್ಯ. ಮೂರನೇ ವಾರಕ್ಕೆ ಹಾಜರಿ ಪುಸ್ತಕವನ್ನೇ ತನ್ನಿ ಎಂದೆ. ಕ್ಲಾಸಿನಲ್ಲಿ ಕೂಗುವ ಹಾಗೇ ಹೆಸರು ಕೂಗುತ್ತಾ ಹೋದರು. ಎಂಟನೇ ಹೆಸರಿಗೆ ಕುತ್ತಿಗೆಯ ನರ ಉಬ್ಬಿತು. ಅಲ್ಲಿ ನಿಲ್ಲಿಸಿದೆವು, ಉಸಿರು ತೆಗೆದುಕೊಂಡು ಮತ್ತೆ ಎಂಟರಿಂದ.

ಇದರ ಜೊತೆಗೆ ಗಂಟಲು ಕೆರೆಯುವ ಅಭ್ಯಾಸ ಬಿಡಿಸಬೇಕು. ಪ್ರತಿ ಸಲ 'ಹ್ಞುಂ ಹ್ಞುಂ' ಎಂದಾಗಲೂ ತಂತುಗಳು ಒಂದಕ್ಕೊಂದು ಹೊಡೆದುಕೊಳ್ಳುತ್ತವೆ. ಬದಲಿಗೆ ಒಂದು ಗುಟುಕು ನೀರು ಕುಡಿಯಿರಿ, ಅದೂ ಇಲ್ಲದಿದ್ದರೆ ಎಂಜಲು ನುಂಗಿ. ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ. ಹಾಗೆ ಮಾತಾಡುವಾಗ ಹಲವರು ಗಂಟಲನ್ನು ಇನ್ನಷ್ಟು ಬಿಗಿ ಹಿಡಿಯುತ್ತಾರೆ.

ಮೌನವಾಗಿರಿ ಎಂದು ಚೀಟಿ ಬರೆದುಕೊಡುವುದು ಸುಲಭ. ಐವತ್ತು ಮಕ್ಕಳ ಮುಂದೆ ಮೌನವಾಗಿ ಪಾಠ ಮಾಡಿ ತೋರಿಸಲಿ ನೋಡೋಣ. ಗದ್ದಲದಲ್ಲಿ ಮನುಷ್ಯನ ದನಿ ತಾನಾಗಿಯೇ ಏರುತ್ತದೆ ಎಂಬುದನ್ನು ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲೇ ವಿವರಿಸಿದ್ದ. ಬೇಕೆಂದು ಏರಿಸುವುದಲ್ಲ ಅದು. ಮೇಲೆ ಶೀಟು, ಪಕ್ಕದಲ್ಲಿ ಮೇನ್ ರೋಡ್, ಆ ಕಡೆ ಗೋಡೆಯಾಚೆ ಇನ್ನೊಂದು ಕ್ಲಾಸು. ಅಂಥಲ್ಲಿ ಥೆರಪಿ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಸ್ಪೀಕರ್, ಕಿವಿಗೆ ಸಿಕ್ಕಿಸುವ ಮೈಕು ಉಳಿದರ್ಧ ಮಾಡುತ್ತದೆ. ನಮ್ಮ ತರಕಾರಿ ಗಾಡಿಯವರು ಈ ಬುದ್ಧಿ ಎಂದೋ ಕಲಿತರು. ರೆಕಾರ್ಡ್ ಮಾಡಿದ ದನಿ ಟೊಮ್ಯಾಟೊ ರೇಟು ಕೂಗುತ್ತಿರುತ್ತದೆ, ಅವರು ಆರಾಮಾಗಿ ತೂಕ ಹಾಕುತ್ತಿರುತ್ತಾರೆ. ನನ್ನನ್ನು ಕೇಳಿದರೆ ಶಾಲೆಗಳು ಸ್ಮಾರ್ಟ್ ಬೋರ್ಡಿಗೆ ಮೊದಲು ಈ ಮೈಕು ಕೊಡಿಸಬೇಕು.

ಇನ್ನು ಕಾಯಬಾರದ ಸಂದರ್ಭಗಳು. ನೆಗಡಿ, ಕೆಮ್ಮಿನ ಜೊತೆ ಬಂದ ಗೊಗ್ಗರು ಒಂದೆರಡು ವಾರದಲ್ಲಿ ಹೋಗುತ್ತದೆ. ಮೂರು ವಾರ ದಾಟಿದರೆ ಯಾರಾದರೂ ಒಳಗೆ ನೋಡಲೇಬೇಕು. ಬೀಡಿ, ಸಿಗರೇಟು ಸೇದುವವರು, ಕುಡಿಯುವವರು ಅಷ್ಟೂ ಕಾಯಬೇಡಿ. ಉಗುಳಿನಲ್ಲಿ ರಕ್ತ, ನುಂಗಲು ಕಷ್ಟ, ಕುತ್ತಿಗೆಯಲ್ಲಿ ಗಡ್ಡೆ, ಉಸಿರಾಡುವಾಗ ಸದ್ದು ಇದ್ದರೆ ನಾಳೆಗೂ ಬಿಡಬೇಡಿ. ದನಿ ಒಮ್ಮೆಲೇ ಗಾಳಿಗಾಳಿಯಾಗಿ, ನೀರು ಕುಡಿದರೆ ಕೆಮ್ಮು ಬಂದರೆ ಒಂದು ತಂತು ಅಲುಗಾಡುತ್ತಿಲ್ಲ ಎಂದು ಅನುಮಾನ. ಥೈರಾಯ್ಡ್ ಆಪರೇಷನ್ ಆದಮೇಲೆ ಹೀಗಾಗುವುದುಂಟು. ಎಡಗಡೆಯ ತಂತುವಿನ ನರ ಎದೆಯೊಳಗಿಳಿದು, ಮಹಾಪಧಮನಿಯನ್ನು ಬಳಸಿ ಮೇಲೆ ಬರುತ್ತದೆ. ಹಾಗಾಗಿ ಶ್ವಾಸಕೋಶದ ಗಡ್ಡೆಯೂ ಮೊದಲು ದನಿಯಲ್ಲೇ ಕಾಣಿಸಿಕೊಳ್ಳಬಹುದು. ಅದಕ್ಕೇ ದನಿ ಕೆಟ್ಟವರಿಗೆ ಡಾಕ್ಟರು ಎದೆ ಸ್ಕ್ಯಾನ್ ಬರೆದರೆ ದುಡ್ಡಿಗೆ ಅಂದುಕೊಳ್ಳಬೇಡಿ.

ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಬೇಗ ಸಿಕ್ಕರೆ ಚೆನ್ನಾಗಿ ವಾಸಿಯಾಗುತ್ತದೆ. ಪೆಟ್ಟಿಗೆಯನ್ನೇ ತೆಗೆಯಬೇಕಾಗಿ ಬಂದವರೂ ಮತ್ತೆ ಮಾತಾಡುತ್ತಾರೆ. ಉಸಿರುನಾಳಕ್ಕೂ ಅನ್ನನಾಳಕ್ಕೂ ನಡುವೆ ಕೂರಿಸುವ ಚಿಕ್ಕ ಕವಾಟದಿಂದ ಇದು ಸಾಧ್ಯ. ಹೊರದೇಶದ ಕವಾಟಗಳು ಸಾವಿರಗಟ್ಟಲೆ ರೂಪಾಯಿ. ಬೆಂಗಳೂರಿನ ಕ್ಯಾನ್ಸರ್ ಸರ್ಜನ್ ಡಾ. ವಿಶಾಲ್ ರಾವ್ ಮತ್ತು ಅವರ ಗೆಳೆಯರು ರೂಪಿಸಿದ 'ಔಂ' ಕವಾಟ ಬಂದ ಹೊಸತರಲ್ಲಿ ಅದರ ಬೆಲೆ 50 ರೂಪಾಯಿ ಇತ್ತು.

ಮಕ್ಕಳ ಮಾತಿನ ತೊಂದರೆ ದೊಡ್ಡ ವಿಷಯ, ಇಲ್ಲಿ ಎರಡೇ ಮಾತು. ಎರಡು ವರ್ಷವಾದರೂ ಎರಡೆರಡು ಪದ ಜೋಡಿಸದ ಮಗುವಿಗೆ "ಅವರಪ್ಪನೂ ಲೇಟೇ" ಎಂದು ಬಜೆ ತೇಯ್ದು ನಾಲಿಗೆಗೆ ಹಚ್ಚುತ್ತಾ ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಎರಡರಿಂದ ಐದು ವರ್ಷದೊಳಗೆ ಶುರುವಾಗುವ ಉಗ್ಗು ಹೆಚ್ಚಿನ ಮಕ್ಕಳಲ್ಲಿ ಹೋಗುತ್ತದೆ, ಆದರೆ ಆರು ತಿಂಗಳಾದರೂ ಉಳಿದಿದ್ದರೆ ತೋರಿಸಿ. "ನಿಧಾನವಾಗಿ ಮಾತಾಡು" ಎಂದು ಮಗುವಿಗೆ ಹೇಳುವ ಬದಲು ನೀವು ನಿಧಾನವಾಗಿ ಮಾತಾಡಿ.

ಹದಿನೆಂಟಾದರೂ ದನಿ ಒಡೆಯದ ಹುಡುಗರೂ ಬರುತ್ತಾರೆ. ಮೀಸೆ ಬಂದಿದೆ, ಫೋನಿನಲ್ಲಿ ಮಾತ್ರ ಎಲ್ಲರೂ "ಹೇಳಿ ಮೇಡಂ" ಅಂತಾರೆ. ಹೆಚ್ಚಿನವರಲ್ಲಿ ಧ್ವನಿಪೆಟ್ಟಿಗೆ ಬೆಳೆದಿರುತ್ತದೆ, ಹಳೇ ದನಿಯ ರೂಢಿ ಬಿಟ್ಟಿರುವುದಿಲ್ಲ. ನಮ್ಮ ಕೆಲಸದಲ್ಲಿ ಇಷ್ಟು ಬೇಗ ಫಲ ಕೊಡುವ ತೊಂದರೆ ಇನ್ನೊಂದಿಲ್ಲ. ಕೆಲವೇ ಸಿಟಿಂಗ್‌ಗಳಲ್ಲಿ ಗಂಡು ದನಿ ಸಿಗುತ್ತದೆ.

ಎಲ್ಲಿಗೆ ಹೋಗುವುದು? ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಸ್ಪೀಚ್ ವಿಭಾಗವಿದೆ. ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಶ್ರವಣ ಸಂಸ್ಥೆ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೆ, ನಮ್ಮಲ್ಲಿ ಬಹಳ ಜನ ಓದಿದ್ದು ಅಲ್ಲೇ. ಖಾಸಗಿ ಕ್ಲಿನಿಕ್‌ಗೆ ಹೋದರೆ ಥೆರಪಿಸ್ಟ್‌ಗೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಇದೆಯಾ ಎಂದು ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಬರುವಾಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಸ್ಟ್ರಿಪ್, ಇನ್ಹೇಲರ್, ಹಳೇ ಸ್ಕೋಪಿ ರಿಪೋರ್ಟ್ ತನ್ನಿ. ಮೊಬೈಲಿನಲ್ಲಿ ಒಂದೆರಡು ವರ್ಷ ಹಿಂದಿನ ಬರ್ತ್‌ಡೇಯದೋ ಮದುವೆಯದೋ ವಿಡಿಯೊ ಇದ್ದರೆ ಅದನ್ನೂ ಹುಡುಕಿಟ್ಟುಕೊಳ್ಳಿ, ನಿಮ್ಮ ಹಳೇ ದನಿ ನಮಗೆ ಸಿಗುವುದು ಅಲ್ಲಿಯೇ.